ಸಾಬಣ್ಣ ಕಾಕಾನ ಕ್ಯಾಂಪ್ ಬ್ಯಾಂಡು

ಸಾಬಣ್ಣ ಕಾಕಾನಷ್ಟು ದೂರ ಹಿಂದುಹಿಂದಕ್ಕೆ ನಡೆದ ಮನುಷ್ಯರನ್ನು ನಾನು ಕಂಡಿಲ್ಲ. ಶಹಾಪುರ, ಸುರಪುರದ ಸುತ್ತಲಿನ ಎಷ್ಟೋ ಊರುಗಳಲ್ಲಿ ಬಾವಿಯಿಂದ ಮದುವೆ ಮನೆಯ ತನಕದ ದಾರಿ ಅವರ ಹಿಮ್ಮಡಿಗೆ ಬಾಯಿಪಾಠವಾಗಿತ್ತು. ತುಟಿಯಲ್ಲಿ ಕ್ಲಾರ್ನೆಟ್, ಮೈಮೇಲೆ ಗುಂಡಿ ಕಿತ್ತ ಕೆಂಪು ಕೋಟು, ಎದುರಿಗೆ ತುಂಬಿದ ಕೊಡ ಹೊತ್ತ ಹೆಂಗಸರು. ಕಾಕಾ ದಾರಿಗೆ ಬೆನ್ನು ಕೊಟ್ಟು, ಆ ಹೆಂಗಸರ ಕಾಲು ನೋಡುತ್ತ ಊದುತ್ತ ಹಿಂದೆ ಸರಿಯುತ್ತಿದ್ದರು. ಚರಂಡಿ, ಮಲಗಿದ ನಾಯಿ, ಎತ್ತಿನ ಬಂಡಿಯ ಮೂಕಿ ಎಲ್ಲವನ್ನೂ ಹೇಗೋ ದಾಟುತ್ತಿದ್ದರು. ಬಿದ್ದದ್ದನ್ನು ಯಾರೂ ನೋಡಿಲ್ಲ.

ನಮ್ಮ ಕಡೆಯ ಮದುವೆಗಳಲ್ಲಿ ನೀರು ತರುವ ಶಾಸ್ತ್ರ ಅಂತ ಒಂದಿದೆ. ಮನೆಯ ಹೆಣ್ಣುಮಕ್ಕಳು ಬಾವಿಗೆ ಹೋಗಿ ಹೊಸ ಕೊಡ ತುಂಬಿಕೊಂಡು, ಬ್ಯಾಂಡಿನ ಹಿಂದೆ ಮೆರವಣಿಗೆಯಲ್ಲಿ ಬರುತ್ತಾರೆ. ಬೇರೆ ಬ್ಯಾಂಡುಗಳವರು ಮುಂದೆ ನೋಡಿಕೊಂಡು ತಮ್ಮ ಪಾಡಿಗೆ ಬಾರಿಸುತ್ತ ಹೋಗಿಬಿಡುತ್ತಿದ್ದರು. ಕಾಕಾ ಮಾತ್ರ ಕೊಡ ಹೊತ್ತವರ ಗುಂಪಿನಲ್ಲಿ ಎಲ್ಲರಿಗಿಂತ ವಯಸ್ಸಾದ ಹೆಂಗಸು ಯಾರೆಂದು ನೋಡಿ, ಆಕೆಯ ಹೆಜ್ಜೆಗೆ ತಮ್ಮ ಧಾಟಿಯನ್ನು ಹೊಂದಿಸುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಕ್ಯಾಂಪಿನ್ಯಾಗ ಕಲ್ತಿದ್ದು ತಮ್ಮಾ," ಎಂದಿದ್ದರು. "ಕಾಲುವಿ ಏರಿ ಮ್ಯಾಲ ಹೊಸಾ ಮಣ್ಣು, ಕಾಲ ಇಟ್ರ ಜಾರತಿತ್ತು. ಹೆಣ್ಮಕ್ಕಳು ಕೊಡ ಹೊತ್ತು ಏರಿ ಇಳೀಬೇಕು. ನಾ ಎದುರಿಗಿ ನಿಂತು ಊದ್ತಿದ್ದೆ. ಎಲ್ಲಾರ ಹೆಜ್ಜಿ ಕೂಡಿ ಬೀಳತಿತ್ತು, ಒಬ್ರೂ ಜಾರತಿದ್ದಿಲ್ಲ."

ಅದು ಕಾಲುವೆ ತೋಡುತ್ತಿದ್ದ ಕಾಲ. ಮಣ್ಣು ಹೊರುವವರ ತಗಡಿನ ಜೋಪಡಿಗಳ ಸಾಲಿಗೆ ಜನ ಕ್ಯಾಂಪ್ ಎನ್ನುತ್ತಿದ್ದರು. ಕಾಕಾನೂ ಸೇರಿ ಅಲ್ಲಿದ್ದ ಐವರು ಕೂಲಿಗಳು ಕಟ್ಟಿದ ಬ್ಯಾಂಡು ಅದು. ಬೇರೆ ಬ್ಯಾಂಡುಗಳಿಗೆಲ್ಲ ದೇವರ ಹೆಸರು. ಇವರನ್ನು ಮಾತ್ರ ಜನ "ಕ್ಯಾಂಪಿನವರನ್ನ ಕರೀರಿ" ಎಂದು ಕರೆದು ಕರೆದು, ಕ್ಯಾಂಪ್ ಬ್ಯಾಂಡ್ ಎಂಬುದೇ ಕಾಯಂ ಆಯಿತು. ದೊಡ್ಡ ಡೋಲಿನ ಚರ್ಮದ ಮೇಲೆ ಕೆಂಪು ಬಣ್ಣದಲ್ಲಿ ಅದನ್ನು ಬರೆಸಿದ್ದರು. ಕ್ಯಾಂಪ್ ಎದ್ದುಹೋದ ಮೇಲೂ ಹೆಸರು ಉಳಿಯಿತು.

ನಾನು ಕಾಕಾನ ಕೈಗೆ ಸಿಕ್ಕಿದ್ದು ಡಿಗ್ರಿ ಮುಗಿಸಿ ಗಿಟಾರ್ ಹಿಡಿದು ಅಲೆಯುತ್ತಿದ್ದಾಗ. ಅಪ್ಪ ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ನನ್ನ ಗಿಟಾರ್ ಕಂಡರೆ ಅವರಿಗೆ ಮೈಯೆಲ್ಲ ಉರಿ. ನನಗೂ ಕೀಬೋರ್ಡಿನ ಬಸುವಿಗೂ ಡ್ರಮ್ಮಿನ ರಫೀಕನಿಗೂ ರಾಕ್ ಸಂಗೀತದ ಹುಚ್ಚು. ಶಹಾಪುರದ ಹತ್ತಿ ಗೋದಾಮಿನ ಹಿಂದಿನ ಕೋಣೆಯಲ್ಲಿ ಕಿವಿ ಕಿತ್ತುಹೋಗುವಂತೆ ಬಾರಿಸುತ್ತಿದ್ದೆವು. ಕೇಳುವವರು ಒಬ್ಬರೂ ಇರಲಿಲ್ಲ, ಬೈಯುವವರು ಬೇಕಾದಷ್ಟು ಜನ ಇದ್ದರು.

ಒಂದು ಸಂಜೆ ಕಾಕಾ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು, "ಇದು ಕುಂತು ಬಾರಸೂದೋ, ನಡಕೋತ ಬಾರಸೂದೋ?"

"ನಿಂತು ಬಾರಸೂದ್ರಿ," ಎಂದೆ.

"ನೀ ನಿಂತಿ ಅಂದ್ರ ಮದುಮಗ ಮನಿಗಿ ಹ್ಯಾಂಗ ಹೋಗ್ತಾನ?"

ರಫೀಕ ನಕ್ಕ. ಕಾಕಾ ನಗಲಿಲ್ಲ. "ನಾಳಿಂದ ನನ್ನ ಕೂಡ ಬರ್ರಿ," ಎಂದರು. ಐವರಲ್ಲಿ ಆಗ ಇಬ್ಬರು ಮಣ್ಣು ಸೇರಿದ್ದರು, ಇಬ್ಬರು ಕೆಲಸ ಹುಡುಕಿಕೊಂಡು ಪುಣೆಗೆ ಹೋಗಿದ್ದರು. ಅವರಿಗೆ ಬಾರಿಸುವವರು ಬೇಕಿತ್ತು, ನಮಗೆ ಕೇಳುವವರು ಬೇಕಿತ್ತು. ಅಷ್ಟೇ ಎಂದುಕೊಂಡಿದ್ದೆ. ನನ್ನಂಥ ಮೂರು ಪೋಲಿಗಳಿಗೆ ಅವರು ಬದುಕಿನ ದಾರಿ ತೋರಿಸುತ್ತಿದ್ದಾರೆ ಎಂದು ಆಗ ಹೊಳೆಯಲಿಲ್ಲ.

ಕಾಲುವೆಗೆ ನೀರು ಬಂದಿತ್ತು. ಜೋಳದ ಹೊಲಗಳಲ್ಲಿ ಭತ್ತ ನಿಂತಿತ್ತು. ಜನರ ಕೈಗೆ ದುಡ್ಡು ಬಂದು, ಮದುವೆಗಳಿಗೂ ದೊಡ್ಡ ಸದ್ದು ಬೇಕಾಗಿತ್ತು. ಎರಡೇ ವರ್ಷದಲ್ಲಿ ತುತ್ತೂರಿ, ತಾಳ ಹೋಗಿ, ತಳ್ಳುಗಾಡಿಯ ಮೇಲೆ ಜನರೇಟರು, ಸ್ಪೀಕರು, ನಮ್ಮ ಗಿಟಾರು ಬಂದವು. ಹಳೆಯ ಡೋಲನ್ನು ಗಾಡಿಯ ಮುಂದೆ ಕಟ್ಟಿದ್ದೆವು, ಬಾರಿಸುವುದಕ್ಕಲ್ಲ, ಹೆಸರು ಕಾಣಲಿ ಎಂದು. ಅದೇ ಹೊತ್ತಿಗೆ ಕಾಕಾನ ಮೇಲ್ದವಡೆಯ ಮುಂದಿನ ಹಲ್ಲೆರಡು ಬಿದ್ದವು. "ಹಲ್ಲು ಹೋದ್ವು, ಊದೂದು ಹೋತು," ಎಂದು ಕ್ಲಾರ್ನೆಟ್ಟನ್ನು ಹಳೆಯ ಧೋತರದಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದರು. ಮರುದಿನ ನನ್ನ ಗಿಟಾರಿನ ಕೇಬಲ್ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ಬ್ಯಾಂಡಿನ ಯಜಮಾನ ವೈರು ಹಿಡಿಯುವುದೇ ಎಂದು ನಾನು ಸಂಕೋಚಪಟ್ಟರೆ, "ನಿನಗ ಎಡವಿ ಬೀಳೂ ಚಟ ಅದ, ಯಾರರ ಹಿಡೀಬೇಕಲ್ಲ," ಎಂದರು.

ಹೆಸರಿನ ತಕರಾರು ಎತ್ತಿದವನು ನಾನು. ಯಾದಗಿರಿಯ ಒಂದು ಕಾಲೇಜಿನವರು ಕಾರ್ಯಕ್ರಮಕ್ಕೆ ಕರೆದಿದ್ದರು. ರಾಕ್ ಬಾರಿಸುವ ನಮ್ಮ ಹಿಂದೆ ಕ್ಯಾಂಪ್ ಬ್ಯಾಂಡ್ ಎಂದಿದ್ದರೆ ಹುಡುಗರು ನಗುತ್ತಾರೆಂದು ನನಗೆ ಭಯ. ಬಸು ಬೇಡವೆಂದ. "ಹೆಸರಿಗೇ ಮಂದಿ ಕರೀತಾರಲೇ, ಅದನ್ನ ಯಾಕ ಕಳೀತಿ?" ಎಂದು ಜಗಳವಾಡಿದ. ನಾನು ಕೇಳಲಿಲ್ಲ. ಬ್ಲೂ ಲೈಟ್ನಿಂಗ್ ಎಂದು ದೊಡ್ಡ ತಗಡಿನ ಬೋರ್ಡು ಬರೆಸಿಕೊಂಡೇ ಬಂದೆ. ಕಾಕಾನ ಅಂಗಳದಲ್ಲಿ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ.

"ಅಂದ್ರ ಏನು?" ಎಂದರು.

"ನೀಲಿ ಮಿಂಚ್ರಿ."

"ಮಿಂಚು ಛಲೋ ಅದ. ಮಳಿ ಬಂದ್ರ ಇನ್ನೂ ಛಲೋ."

ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ನಾಲಗೆಗೆ ಲಗಾಮು ಇಲ್ಲ. "ಕಾಕಾ, ಈಗ ಕ್ಯಾಂಪೂ ಇಲ್ಲ, ಕ್ಲಾರ್ನೆಟ್ಟೂ ಇಲ್ಲ, ಆ ಐದು ಮಂದೀನೂ ಇಲ್ಲ. ಬರೇ ಹೆಸರು ಇಟಗೊಂಡು ಮಂದಿಗಿ ಯಾಕ ಮೋಸ ಮಾಡಬೇಕ್ರಿ?" ಎಂದೆ.

ಮೋಸ ಎಂಬ ಮಾತಿಗೆ ಅವರ ಮುಖ ಸಣ್ಣದಾಯಿತು. ಹೆಬ್ಬೆರಳ ಮೇಲಿದ್ದ ಗಂಟನ್ನು ಉಜ್ಜುತ್ತ ಕುಳಿತರು. ಇಷ್ಟು ವರ್ಷ ಕ್ಲಾರ್ನೆಟ್ಟಿನ ಭಾರ ಹೊತ್ತು ಆದ ಗಂಟು ಅದು. ಸತ್ತವರ, ದೇಶಾಂತರ ಹೋದವರ ಗುರುತೆಂದು ಅವರ ಬಳಿ ಉಳಿದಿದ್ದೆಂದರೆ ಆ ಹೆಸರೊಂದೇ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅಂದಿದ್ದೆ.

"ನಿಂದು ಖರೇ ಅದ ತಮ್ಮಾ," ಎಂದರು ಕೊನೆಗೆ. "ಆದ್ರ ಶಿರವಾಳದ ನೀಲಮ್ಮ ಮಮ್ಮಗಳ ಮದಿವಿಗಿ ವೀಳ್ಯ ಕಳಿಸ್ಯಾಳ. ಕ್ಯಾಂಪಿನವರಿಗಿ ಅಂತ ಕಳಿಸ್ಯಾಳ. ಎಲಿ ಅಡಿಕಿ ತಗೊಂಡ ಮ್ಯಾಲ ಮಾತು ತಪ್ಪಬಾರದು. ಅದೊಂದು ಮುಗಸೂನು. ಆಮ್ಯಾಲ ಡೋಲಿನ ಮ್ಯಾಲಿನ ಹೆಸರು ನಾನ ಕೆರದು ತಗೀತೀನಿ."

ಶಿರವಾಳದಲ್ಲಿ ಬೆಳಗಿನ ಬಿಸಿಲಿಗೆ ನೀರು ತರುವ ಮೆರವಣಿಗೆ ಹೊರಟಿತು. ಮುಂದೆ ತಳ್ಳುಗಾಡಿ, ಅದರ ಹಿಂದೆ ಗಿಟಾರ್ ಹಿಡಿದ ನಾನು, ನನ್ನ ಹಿಂದೆ ಕೊಡ ಹೊತ್ತ ಹೆಂಗಸರು. ಧಾಟಿ ಕಾಕಾನದೇ, ನನಗೆ ಪೂರ್ತಿ ಬರುತ್ತಿತ್ತು. ಆದರೆ ಗಾಡಿಯ ಕಡೆ ಮುಖ ಮಾಡಿ, ರಫೀಕನ ಡ್ರಮ್ಮಿನ ಜೋರಿಗೆ ಬಾರಿಸುತ್ತ ನಡೆದೆ. ಓಣಿಯ ತಿರುವಿನಲ್ಲಿ ಹಿಂದೆ ಗದ್ದಲವಾಯಿತು. ತಿರುಗಿ ನೋಡಿದರೆ ಹೆಂಗಸರು ಅರ್ಧ ಓಣಿ ಹಿಂದೆ ಉಳಿದಿದ್ದರು. ಕೊಡಗಳ ನೀರು ಚೆಲ್ಲಿ ಸೀರೆಗಳು ತೊಯ್ದಿದ್ದವು. ಎಲ್ಲರ ಮುಂದೆ ನೀಲಮ್ಮ ಕೊಡವನ್ನು ಸೊಂಟಕ್ಕೆ ಇಳಿಸಿಕೊಂಡು ಏದುಸಿರು ಬಿಡುತ್ತಿದ್ದಳು.

"ಕ್ಯಾಂಪಿನವರು ಬರ್ತಾರ ಅಂದಿದ್ರಲ್ಲ, ಎಲ್ಲಿ ಅದಾರ?" ಎಂದು ಕೇಳಿದಳು.

ಕೇಬಲ್ ಸುರುಳಿ ಹೊತ್ತು ಕಾಕಾ ಆಕೆಯ ಎದುರಿಗೇ ನಿಂತಿದ್ದರು. ಕ್ಲಾರ್ನೆಟ್ಟಿಲ್ಲದ ಅವರನ್ನು ಆಕೆ ಗುರುತಿಸಲಿಲ್ಲ. ಮೋಸ ಎಂದು ನಾನೇ ಅಂದಿದ್ದೆನಲ್ಲ, ಇಗೋ, ನನ್ನ ಮಾತು ನಿಜವಾಗಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಕಾಕಾ ನನ್ನ ಕಿವಿಯ ಹತ್ತಿರ ಬಂದರು. "ತಿರುಗು," ಎಂದರು. "ಮಂದಿ ಅತ್ತ ಅದಾರ, ನೀ ಇತ್ತ ನೋಡಾಕತ್ತಿ. ಆಕಿ ಕಾಲ ನೋಡು. ಬೆರಳ ನೋಡಬ್ಯಾಡ."

"ನಾ ಬಿದ್ರ?"

"ನಾ ಎದಕ್ಕ ಇದ್ದೀನಿ?"

ನನ್ನ ಬೆನ್ನ ನಡುವೆ ಅವರ ಅಂಗೈ ಬಂದು ಕೂತಿತು. ಮಣ್ಣು ಹೊತ್ತು ಒರಟಾದ ಕೈ, ಅಂಗಿಯ ಮೇಲಿಂದಲೂ ಚುಚ್ಚುತ್ತಿತ್ತು. ಹೆಂಗಸರು ಬಾವಿಗೆ ಹೋಗಿ ಮತ್ತೆ ತುಂಬಿಕೊಂಡು ಬಂದರು. ನಾನು ಡ್ರಮ್ ನಿಲ್ಲಿಸಲು ಹೇಳಿ, ನೀಲಮ್ಮನ ಕಾಲು ನೋಡುತ್ತ ಒಂದೊಂದೇ ತಂತಿ ಮೀಟುತ್ತ ಹಿಂದಕ್ಕೆ ನಡೆದೆ. ಆಕೆಯ ಎಡಗಾಲು ಸ್ವಲ್ಪ ತಡವಾಗಿ ಏಳುತ್ತಿತ್ತು. ಧಾಟಿಯನ್ನೂ ಅಲ್ಲಿ ಸ್ವಲ್ಪ ತಡೆದೆ. ಹತ್ತು ಹೆಜ್ಜೆಯಲ್ಲಿ ಅಷ್ಟೂ ಹೆಂಗಸರ ಕಾಲು ಒಂದಾದವು. ಬೆನ್ನ ಮೇಲಿನ ಕೈ ತಿರುವು ಬಂದಾಗ ಎಡಕ್ಕೆ ಒತ್ತುತ್ತಿತ್ತು, ಕಲ್ಲು ಬಂದಾಗ ನಿಲ್ಲಿಸುತ್ತಿತ್ತು. ಹಂದರದ ತನಕ ಹನಿ ನೀರು ಚೆಲ್ಲಲಿಲ್ಲ.

ಬಾಗಿಲಲ್ಲಿ ಕೊಡ ಇಳಿಸಿ ನೀಲಮ್ಮ ನಮ್ಮನ್ನು ಒಮ್ಮೆ ನೋಡಿದಳು. "ಹಾಂ, ಕ್ಯಾಂಪಿನವರು ಇವರ ಅದಾರ," ಎಂದಳು. ಆಮೇಲೆ ಕೇಬಲ್ಲಿನವನನ್ನು ದಿಟ್ಟಿಸಿ, "ಸಾಬಣ್ಣ, ನಿನ್ನ ಹಲ್ಲ ಎಲ್ಲಿ ಹೋದ್ವೋ?" ಎಂದಳು. ಕಾಕಾ ಆ ದಿನ ಬೊಚ್ಚುಬಾಯಿ ತೆರೆದು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಊಟವಾದ ಮೇಲೆ ಬೇವಿನ ಮರದ ಕೆಳಗೆ ಅವರು ಜೇಬಿನಿಂದ ಒಡೆದ ಕುಡಗೋಲಿನ ತುಣುಕೊಂದನ್ನು ತೆಗೆದರು. ಡೋಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಕೆರೀಲೇನಪಾ?" ಎಂದರು. ಕೊಟ್ಟ ಮಾತಿಗೆ ತಪ್ಪದಂತೆ ಬೆಳಿಗ್ಗೆಯೇ ಅದನ್ನು ಮನೆಯಿಂದ ತಂದಿದ್ದರು.

ನಾನು ಅವರ ಕೈಯಿಂದ ಅದನ್ನು ಕಸಿದುಕೊಂಡೆ. "ಬ್ಯಾಡ್ರಿ ಕಾಕಾ."

"ಮತ್ತ ಮಂದಿಗಿ ಮೋಸ ಅಂದಿಯಲ್ಲ?"

"ಮೋಸ ಆಗಲಾರದಂಗ ನಡೀತೀನ್ರಿ."

ಅವರು ಕೇಬಲ್ಲನ್ನು ನೀಟಾಗಿ ಸುತ್ತತೊಡಗಿದರು. ಯಾದಗಿರಿಯ ಕಾಲೇಜಿನಲ್ಲಿ ಕ್ಯಾಂಪ್ ಬ್ಯಾಂಡ್ ಎಂದು ಕೂಗಿದಾಗ ಹುಡುಗರು ನಕ್ಕದ್ದು ನಿಜ. ನಾವು ಬಾರಿಸಲು ಶುರುಮಾಡಿದ ಮೇಲೆ ನಗು ನಿಂತದ್ದೂ ನಿಜ. ನೀಲಿ ಮಿಂಚಿನ ಬೋರ್ಡು ಮಳೆಗಾಲದಲ್ಲಿ ಜನರೇಟರಿಗೆ ಮುಚ್ಚಳವಾಯಿತು. ಆಮೇಲೆ ಆರು ವರ್ಷ, ಎಲ್ಲ ಮದುವೆಗಳಲ್ಲೂ ನಾನು ಹಿಂದಕ್ಕೆ ನಡೆದೆ, ಕಾಕಾನ ಕೈ ಬೆನ್ನ ಮೇಲಿತ್ತು. ಒಂದು ದಿನವೂ ಅವರು ನನ್ನನ್ನು ಹೊಗಳಲಿಲ್ಲ. ಕೈ ಮಾತ್ರ ತಪ್ಪಿಸಲಿಲ್ಲ. ನನಗೆ ಅನ್ನ ಕೊಟ್ಟದ್ದು ಗಿಟಾರೇ ಇರಬಹುದು, ನಡೆಯಲು ಕಲಿಸಿದ್ದು ಆ ಕೈ.

ಕಾಕಾ ತೀರಿಕೊಂಡಾಗ ಹೆಣದ ಮುಂದೆ ಬಾರಿಸಲು ಅವರ ಮಗಳೇ ಹೇಳಿದಳು. ಯಾವುದನ್ನು ಎಂದು ನಾನು ಕೇಳಲಿಲ್ಲ. ನೀರು ತರುವ ಧಾಟಿಯನ್ನೇ ಎತ್ತಿಕೊಂಡೆ, ಅವರ ಕಡೆ ಮುಖ ಮಾಡಿದೆ. ಹೊರುವವರಲ್ಲಿ ಎಲ್ಲರಿಗಿಂತ ಹಿರಿಯ, ಪುಣೆಯಿಂದ ಬಂದಿದ್ದ ಅವರ ಹಳೆಯ ಡೋಲಿನವನು. ಅವನ ಕಾಲು ನೋಡುತ್ತ ಹಿಂದಕ್ಕೆ ನಡೆದೆ. ಕೇಬಲ್ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು, ಹಿಡಿಯುವವರು ಇರಲಿಲ್ಲ. ಓಣಿ ದಾಟಿ, ಕಾಲುವೆಯ ಏರಿ ಹತ್ತಿ, ಆ ಬದಿಗೆ ಇಳಿಯುವ ತನಕ ಬೆನ್ನು ಆ ಕೈಗಾಗಿ ಕಾಯುತ್ತಲೇ ಇತ್ತು. ಕೈ ಬರಲಿಲ್ಲ. ನಾನೂ ಬೀಳಲಿಲ್ಲ.