ವಿಮಾನದ ಹುಡುಗಿಗೆ ನಮ್ಮೂರು ತೀರಿಸಿದ ಮುಯ್ಯಿ

ಕಾವ್ಯಶ್ರೀಯ ಬಗ್ಗೆ ಪೇಪರಿನವರು ಬರೆದರು, ಟಿ.ವಿ.ಯವರು ತೋರಿಸಿದರು, ನಮ್ಮ ಪಂಚಾಯ್ತಿ ಮೆಂಬರ್ ಅಣ್ಣಯ್ಯ ಆಳೆತ್ತರದ ಫ್ಲೆಕ್ಸ್ ಹಾಕಿಸಿದ. ಅವರು ಹೇಳಿದ್ದು ಯಾವುದೂ ಸುಳ್ಳಲ್ಲ. ಆದರೆ ಅವಳ ಮೂಗಿನ ವಿಚಾರ ಯಾರೂ ಬರೆಯಲಿಲ್ಲ, ನಾನು ಅವಳಿಗೆ ಮಾಡಿದ್ದನ್ನೂ ಬರೆಯಲಿಲ್ಲ. ಎರಡೂ ಗೊತ್ತಿರುವವಳು ನಾನು. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಸುಕನ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಿಂದ ಎರಡು ಮೈಲಿ ಆಚೆಗಿರುವ ನಮ್ಮೂರಿನ ಆಶಾ ಕಾರ್ಯಕರ್ತೆ. ಕಾವ್ಯ ನಮ್ಮ ಪಕ್ಕದ ಮನೆಯ ದಾಸಯ್ಯ, ಬೀರಮ್ಮನವರ ಒಬ್ಬಳೇ ಮಗಳು. ನನ್ನನ್ನು ಚಿಕ್ಕವ್ವ ಎಂದು ಕರೆಯುತ್ತಾಳೆ, ಅವಳ ಮೂಗು ಒರೆಸಿದ್ದೇನೆ, ಬೆನ್ನಿಗೂ ಎರಡು ಕೊಟ್ಟಿದ್ದೇನೆ.

ನಮ್ಮ ಕಡೆ ಮಳೆಗಾಲದ ಬೆಳೆ ಎಂದರೆ ಹೊಗೆಸೊಪ್ಪು. ಸೊಪ್ಪು ಮಾಗಿದ ದಿನವೇ ಮುರಿಯಬೇಕು, ಮುರಿದ ದಿನವೇ ಕಡ್ಡಿಗೆ ಕಟ್ಟಬೇಕು, ಕಟ್ಟಿದ ದಿನವೇ ಬ್ಯಾರನ್ನಿಗೆ ತುಂಬಿ ಬೆಂಕಿ ಹಾಕಬೇಕು. ಬ್ಯಾರನ್ ಅಂದರೆ ಸೊಪ್ಪು ಹದ ಮಾಡುವ ಎತ್ತರದ ಮನೆ. ಕೆಳಗೆ ಕಾದ ತಗಡಿನ ಕೊಳವೆ, ಮೇಲೆ ಸಾಲು ಸಾಲು ಸೊಪ್ಪು. ಒಂದು ಎಲೆ ಜಾರಿ ಕೊಳವೆ ಮೇಲೆ ಬಿತ್ತೋ, ಬ್ಯಾರನ್ನೇ ಉರಿದುಹೋಗುತ್ತದೆ. ಆದ್ದರಿಂದ ಯಾರಾದರೂ ಅಲ್ಲೇ ಕೂತು ಕಾಯಬೇಕು. ದಾಸಯ್ಯನ ಬ್ಯಾರನ್ ಕಾಯುತ್ತಿದ್ದವಳು ಕಾವ್ಯ. ಬಾಗಿಲ ಹತ್ತಿರ ಗೋಣಿಚೀಲ ಹಾಸಿಕೊಂಡು ಪಾಠ ಓದುತ್ತಿದ್ದವಳು ಇದ್ದಕ್ಕಿದ್ದಂತೆ ತಲೆ ಎತ್ತಿ, “ಅಪ್ಪಾ, ಎಲೆ ಬಿದ್ದದೆ” ಎನ್ನುತ್ತಿದ್ದಳು. ಹೊಗೆ ಕಾಣುವುದಕ್ಕೂ ಮೊದಲೇ ಅವಳಿಗೆ ವಾಸನೆ ಸಿಕ್ಕಿರುತ್ತಿತ್ತು. ಹದವಾಗುವ ಸೊಪ್ಪಿನದು ಸಿಹಿ ವಾಸನೆಯಂತೆ, ಸುಡುವ ಸೊಪ್ಪಿನದು ಒಗರಂತೆ. ನನಗಂತೂ ಇವತ್ತಿಗೂ ಎರಡೂ ಒಂದೇ.

ಈ ಹುಡುಗಿ ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ವಿಮಾನದ ಕಂಪನಿಯೊಂದರ ಇಂಟರ್‌ವ್ಯೂಗೆ ಗೆಳತಿಯ ಜೊತೆ ಸುಮ್ಮನೆ ಹೋಗಿ, ಗೆಳತಿಯನ್ನು ಬಿಟ್ಟು ತಾನು ಆಯ್ಕೆಯಾಗಿ ಬಂದಳು. ಬೀರಮ್ಮ ನನ್ನ ಹತ್ತಿರ ಗುಟ್ಟಾಗಿ ಕೇಳಿದಳು: “ಅಲ್ಲ ಕಣೆ ಸುಕನ್ಯ, ಇಮಾನದಾಗೆ ಇವ್ಳು ಏನ್ ಮಾಡ್ತಾಳೆ? ಟಿಕೀಟ್ ಕೊಡ್ತಾಳಾ?” ಅಂದಿನಿಂದ ಊರಿನ ಬಾಯಲ್ಲಿ ಅವಳು ಇಮಾನದ ಕಂಡಕ್ಟ್ರು.

ಆಮೇಲೆ ಕೊರೋನಾ ಬಂತು. ಜನ ಓಡಾಡುವುದು ನಿಂತಿತು, ವಿಮಾನಗಳೂ ನಿಂತವು. ಕಾವ್ಯಳ ಕಂಪನಿ ಜನ ಕೂರುವ ವಿಮಾನದಲ್ಲೇ ಔಷಧಿ ಸಾಮಾನು ತರಲು ಶುರುಮಾಡಿತು. ಸೀಟಿನ ಮೇಲೆಲ್ಲ ಮಾಸ್ಕಿನ ಪೆಟ್ಟಿಗೆ, ಟೆಸ್ಟ್ ಕಿಟ್ಟಿನ ಪೆಟ್ಟಿಗೆ, ಮೇಲೊಂದು ಬಲೆ ಬಿಗಿದು ಕಟ್ಟುತ್ತಿದ್ದರಂತೆ. ಚೀನಾದವರೆಗೂ ಹೋಗುವುದು, ಅಲ್ಲಿ ನೆಲಕ್ಕೆ ಕಾಲಿಡದೆ ವಿಮಾನದಲ್ಲೇ ಕೂರುವುದು, ತುಂಬಿದ ಮೇಲೆ ವಾಪಸ್ಸು. ಊಟ ನೀಡಲು ಪ್ರಯಾಣಿಕರೇ ಇಲ್ಲ, ಇವಳಿಗೇನು ಕೆಲಸ ಎಂದರೆ, ಬೆಂಕಿ ಆರಿಸುವ ಸಿಲಿಂಡರ್ ಕೈಯಳತೆಯಲ್ಲಿ ಇಟ್ಟುಕೊಂಡು ಪೆಟ್ಟಿಗೆಗಳ ನಡುವೆ ಓಡಾಡುತ್ತ ಎಲ್ಲಾದರೂ ಬಿಸಿಯಾಗಿದೆಯೇ, ಸುಟ್ಟ ವಾಸನೆ ಇದೆಯೇ ಎಂದು ನೋಡುತ್ತಿರುವುದು.

“ಬ್ಯಾರನ್ ಕಾದಂಗೇಯ ಚಿಕ್ಕವ್ವ” ಎಂದಿದ್ದಳು ಫೋನಿನಲ್ಲಿ. “ಕೂರಂಗಿಲ್ಲ ಅನ್ನೋದೊಂದೇ ಯತ್ವಾಸ.”

ಒಂದು ಸಲ ನಡುವಿನ ಸಾಲಿನಲ್ಲಿ ಒಗರು ವಾಸನೆ ಅವಳ ಮೂಗಿಗೆ ಬಡಿಯಿತಂತೆ. ಜೊತೆಯವರಿಗೆ ಏನೂ ಗೊತ್ತಾಗಿಲ್ಲ. ಯಾರೋ ಆರಿಸದೆ ಬಿಟ್ಟಿದ್ದ ಓದುವ ದೀಪಕ್ಕೆ ಪೆಟ್ಟಿಗೆಯೊಂದು ಅಂಟಿಕೊಂಡು, ರಟ್ಟು ಕಂದಾಗಿತ್ತು. ಸರಿಸಿ ಇಟ್ಟಳು, ಅಷ್ಟೇ. ಪೈಲಟ್ ಆಶ್ಚರ್ಯಪಟ್ಟು ಕೇಳಿದಾಗ, “ನಮ್ಮಪ್ಪ ಕಲಿಸಿದ್ದು ಸಾರ್” ಎಂದಳಂತೆ. ದಾಸಯ್ಯನಿಗೆ ಈ ಮಾತು ಹೇಳಿದಾಗ ಅವನು ಟವಲ್ಲಿನಿಂದ ಮುಖ ಒರೆಸಿಕೊಂಡ, ಬೆವರು ಇರಲಿಲ್ಲ.

ಈಗ ನನ್ನ ಕತೆಗೆ ಬರುತ್ತೇನೆ. ಬರದೆ ಗತಿಯಿಲ್ಲ.

ಮೊದಲ ವರ್ಷ, ಆಗಸ್ಟ್ ತಿಂಗಳು, ಕಾವ್ಯ ರಜೆಯ ಮೇಲೆ ಊರಿಗೆ ಬಂದಳು. ಹೊರ ರಾಜ್ಯ ತಿರುಗಿ ಬಂದವರು ಹದಿನಾಲ್ಕು ದಿನ ಮನೆಯೊಳಗೇ ಇರಬೇಕೆಂದು ನಿಯಮವಿತ್ತು. ಅವಳಿಗೆ ಗೊತ್ತಿಲ್ಲದ ನಿಯಮವೇ! ಬರುವ ಹಿಂದಿನ ದಿನವೇ ಫೋನ್ ಮಾಡಿ ಅಪ್ಪ ಅವ್ವನನ್ನು ಹೊಲದ ಬ್ಯಾರನ್ ಪಕ್ಕದ ಶೆಡ್ಡಿಗೆ ಕಳಿಸಿ, ಮನೆಯಲ್ಲಿ ತಾನೊಬ್ಬಳೇ ಉಳಿದಳು. ಬೀರಮ್ಮ ಊಟ ತಂದು ಜಗಲಿ ಮೇಲಿಟ್ಟು, ಬೀದಿಯಲ್ಲೇ ನಿಂತು ಮಾತಾಡಿ ಹೋಗುತ್ತಿದ್ದಳು. ಬಾಗಿಲಿಗೆ ನೋಟೀಸು ಅಂಟಿಸಿದವಳು ನಾನು. ಅದು ನನ್ನ ಕೆಲಸ, ಅದರಲ್ಲಿ ತಪ್ಪಿಲ್ಲ.

ತಪ್ಪು ಇನ್ನೊಂದು ಕಡೆ ಇದೆ. ಅದೇ ವಾರ ದಾಸಯ್ಯನ ಸೊಪ್ಪು ಮಾಗಿತ್ತು. ನಮ್ಮಲ್ಲಿ ಸೊಪ್ಪಿನ ಕೆಲಸ ನಡೆಯುವುದು ಮುಯ್ಯಾಳಿನ ಮೇಲೆ. ಇವತ್ತು ನಿಮ್ಮ ಹೊಲಕ್ಕೆ ನಾವು ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತೇ ಇಲ್ಲ. ಬಂದ ಆಳಿಗೆ ಆಳು ಕಳಿಸುವುದೇ ಮುಯ್ಯಿ, ಅದನ್ನು ಉಳಿಸಿಕೊಂಡ ಮನೆಯನ್ನು ಊರು ಮನೆ ಎಂದು ಎಣಿಸುವುದಿಲ್ಲ. ಜುಲೈನಲ್ಲಿ ಬೀರಮ್ಮ ನಮ್ಮ ಹೊಲಕ್ಕೆ ಎರಡು ದಿನ ಬಂದು ಸೊಪ್ಪು ಕಟ್ಟಿಕೊಟ್ಟಿದ್ದಳು. ನಾನು ಹೋಗಬೇಕಿತ್ತು.

ನಾನು ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದು, ನೀರಿನ ನಲ್ಲಿಯ ಹತ್ತಿರ ಹೆಂಗಸರು, “ಏನ್ ಸುಕನ್ಯಕ್ಕ, ದಾಸಯ್ಯನ ಬ್ಯಾರನ್‌ಗೆ ಹೋಗ್ಬೋದಾ?” ಎಂದು ಕೇಳಿದಾಗ, “ಯಾವುದ್ಕೂ ದೂರ ಇರಿ ಕಣ್ರವ್ವ” ಎಂದುಬಿಟ್ಟೆ. ದಾಸಯ್ಯ, ಬೀರಮ್ಮ ಮಗಳ ನೆರಳಿಗೂ ಸೋಕಿಲ್ಲವೆಂದು ಊರಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹೋಗಬಹುದು ಎನ್ನುವ ಒಂದು ಮಾತು ಸಾಕಿತ್ತು. ನನಗೆ ಭಯವಾಗಿತ್ತು, ಅಷ್ಟೇ. ಏಪ್ರಿಲ್‌ನಲ್ಲಿ ಇದೇ ಊರು ನನ್ನ ತಲೆ ಮೇಲೆ ಹೂ ಸುರಿದು ಚಪ್ಪಾಳೆ ತಟ್ಟಿ, ಮರುದಿನ ನಲ್ಲಿಯ ಹತ್ತಿರ ನನ್ನನ್ನು ಕಂಡು ಬಿಂದಿಗೆ ಎತ್ತಿಕೊಂಡು ಸರಿದಿತ್ತು. ಅದರ ಉರಿ ತಿಂದವಳೇ ಇನ್ನೊಬ್ಬರ ಮನೆಗೆ ಅದೇ ಉರಿ ಇಟ್ಟೆ.

ಯಾರೂ ಹೋಗಲಿಲ್ಲ. ಇಬ್ಬರೇ ಮುದುಕರು ಮುರಿದರು, ಇಬ್ಬರೇ ಕಟ್ಟಿದರು. ಮುಕ್ಕಾಲು ಪಾಲು ಸೊಪ್ಪು ರಾಶಿಯಲ್ಲೇ ಬೆಂದು ಕೊಳೆಯಿತು. ಕಾವ್ಯ ಹಿತ್ತಲ ಕಿಟಕಿಯಿಂದ ಹೊಲ ನೋಡುತ್ತ ಹದಿನಾಲ್ಕು ದಿನ ಕಳೆದಳು. ಹದಿನೈದನೆಯ ದಿನ ಬ್ಯಾಗು ಹಿಡಿದು ಹೊರಟಾಗ ನಮ್ಮ ಬಾಗಿಲ ಮುಂದೆ ನಿಂತಳು.

“ನಾನು ಬಂದ್ರೆ ನಮ್ಮಪ್ಪನ ಸೊಪ್ಪು ಕೊಳೀತದೆ ಚಿಕ್ಕವ್ವ. ಇನ್ನು ಬರಾಕಿಲ್ಲ ಬುಡು.”

ಬೈದಿದ್ದರೆ ಸುಖವಾಗಿರುತ್ತಿತ್ತು. ಅವಳು ಬೈಯಲಿಲ್ಲ. ದೀಪಾವಳಿಗೆ ಬರಲಿಲ್ಲ, ಸಂಕ್ರಾಂತಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಬೀರಮ್ಮ ಪ್ರತಿ ಹಬ್ಬಕ್ಕೂ ಒಂದು ಎಲೆ ಹೆಚ್ಚಿಗೆ ಹಾಕಿ, ಆಮೇಲೆ ಅದನ್ನು ಎತ್ತಿಡುತ್ತಿದ್ದಳು. ದಾಸಯ್ಯ ಊರಿನ ಯಾರ ಹೊಲಕ್ಕೂ ಹೋಗುವುದನ್ನು ಬಿಟ್ಟ. “ನನ್ನ ಬ್ಯಾರನ್ ಒಸಲು ಯಾರೂ ತುಳೀಬ್ಯಾಡಿ” ಎಂದು ಹೇಳಿಯೂ ಬಿಟ್ಟ. ಆ ಹುಡುಗಿ ಮತ್ತೆ ಊರಿಗೆ ಕಾಲಿಡುತ್ತಾಳೋ ಇಲ್ಲವೋ ಎನ್ನುವುದೊಂದೇ ನನಗೆ ಎದೆಯ ಮೇಲಿನ ಕಲ್ಲಾಗಿತ್ತು.

ಮರುವರ್ಷದ ಮೇ ತಿಂಗಳಲ್ಲಿ ನನ್ನ ಗಂಡ ಕನಕರಾಜುವಿಗೆ ಕೊರೋನಾ ಬಂತು. ನಾಲ್ಕನೇ ದಿನ ಉಸಿರು ಸಿಗದೆ ಒದ್ದಾಡಿದ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಚ ಸಿಕ್ಕಿತು, ಆಕ್ಸಿಜನ್ ಮಾತ್ರ ಹಂಚಿಕೊಂಡು ಕೊಡುವ ಸ್ಥಿತಿ. ಮೈಸೂರಿಗೆ ಕರೆದೊಯ್ಯೋಣವೆಂದರೆ ಅಲ್ಲಿ ಮಂಚವೇ ಇಲ್ಲ. ಊರವರ ಬೆರಳಿಗೆಲ್ಲ ಆಕ್ಸಿಮೀಟರ್ ಸಿಕ್ಕಿಸಿ ಧೈರ್ಯ ಹೇಳುತ್ತಿದ್ದ ನಾನು ನನ್ನ ಗಂಡನ ಬೆರಳು ನೋಡಲಾರದೆ ಕಾರಿಡಾರಿನಲ್ಲಿ ನಿಂತಿದ್ದೆ. ಅವತ್ತು ಮಧ್ಯಾಹ್ನ ವ್ಯಾನೊಂದು ಬಂದು ಏಳು ಪೆಟ್ಟಿಗೆ ಇಳಿಸಿತು. ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಯಂತ್ರಗಳು. ಒಂದನ್ನು ಕನಕರಾಜುವಿನ ತಲೆದೆಸೆಗೆ ಇಟ್ಟರು. ಗುರ್ ಎಂದು ಅದು ಶಬ್ದ ಮಾಡಿದಾಗ ಆಸ್ಪತ್ರೆಯ ನೆಲದ ಮೇಲೇ ಕೂತು ಅತ್ತುಬಿಟ್ಟೆ. ಒಂಬತ್ತನೇ ದಿನ ಅವನು ಕಣ್ಣು ಬಿಟ್ಟು ಉಪ್ಸಾರು ಮುದ್ದೆ ಕೇಳಿದ.

ಖಾಲಿ ಪೆಟ್ಟಿಗೆಯ ಮೇಲೆ ಚೀನೀ ಅಕ್ಷರ, ವಿಮಾನದ ಚೀಟಿ. ಅದರ ಫೋಟೋ ತೆಗೆದು, ಒಂಬತ್ತು ತಿಂಗಳಿಂದ ಮಾತಿಲ್ಲದ ಕಾವ್ಯಳಿಗೆ ಕಳಿಸಿದೆ. ನಿನ್ನ ಚಿಕ್ಕಪ್ಪನನ್ನು ಉಳಿಸಿದ್ದು ಇದೇ, ಇದು ನೀನು ತಂದದ್ದಾ ಎಂದು ಕೇಳಿದೆ. ಅರ್ಧ ಗಂಟೆಗೆ ವಾಟ್ಸಾಪಿನಲ್ಲಿ ಅವಳ ದನಿ ಬಂತು.

“ಆ ವಾರ ಮೂರು ಸಲ ಹೋಗಿ ಬಂದೋ ಚಿಕ್ಕವ್ವ. ಅದು ನಮ್ಮ ಇಮಾನದ್ದೋ ಬ್ಯಾರೇದೋ ಗೊತ್ತಿಲ್ಲ, ಸುಳ್ಳು ಹೇಳಾಕಿಲ್ಲ. ಚಿಕ್ಕಪ್ಪ ಎಂಗವ್ರೆ?”

ಅವಳು ತಂದದ್ದೇ ಇರಲಿ, ಬೇರೆಯವರು ತಂದದ್ದೇ ಇರಲಿ, ಯಾರೋ ಒಬ್ಬಳು ಕೂರದೆ ಓಡಾಡಿ ಅದನ್ನು ಕಾದಿದ್ದಾಳೆ. ನನ್ನ ತಾಳಿ ಕಾದವಳು ಅವಳು. ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ.

ಅಷ್ಟರಲ್ಲಿ ಪೇಪರಿನಲ್ಲಿ ವಿಮಾನದವರನ್ನು ಹೊಗಳಿ ಬರೆದರು, ಕಾವ್ಯಳ ಫೋಟೋ ಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ನಮ್ಮೂರಿಗೆ ಪೇಪರಿನಲ್ಲಿ ಕಂಡ ಮೇಲೆ ಮದ್ದಾಯಿತು. ಅಣ್ಣಯ್ಯ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿಸಿ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ತಂದು ಸನ್ಮಾನಕ್ಕೆ ದಿನ ಗೊತ್ತುಮಾಡಿದ. ಫ್ಲೆಕ್ಸಿನಲ್ಲಿ ಕಾವ್ಯಳಿಗಿಂತ ಅವನ ಫೋಟೋನೇ ದೊಡ್ಡದಿತ್ತು ಅನ್ನಿ. ಕಾವ್ಯ ಡ್ಯೂಟಿ ಇದೆ ಎಂದಳು. ಇನ್ನೊಂದು ದಿನ ಹೇಳಿದರೆ ಅವತ್ತೂ ಡ್ಯೂಟಿ.

“ಸನ್ಮಾನ ಒಲ್ಲೆ ಅನ್ನೋರೂ ಅವ್ರಾ?” ಎಂದು ಅಣ್ಣಯ್ಯ ತಲೆ ಕೆರೆದುಕೊಂಡ.

ನಾನು ಬೀರಮ್ಮನ ಹತ್ತಿರ ಹೋಗಿ, ಮಗಳಿಗೆ ನೀನಾದರೂ ಹೇಳಕ್ಕ ಎಂದೆ. ಅವಳು ರಾಗಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ.

“ಶಾಲು ಒದ್ಕಂಡು ಸೊಪ್ಪು ಕಟ್ಟಾಕಾಯ್ತದೇನವ್ವ?”

ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಅದೇ ನಲ್ಲಿಯ ಹತ್ತಿರ, ಅದೇ ಹೆಂಗಸರ ಮುಂದೆ ನಿಂತು ಹೇಳಿದೆ: “ಓದ್ ವರ್ಸ ನಾನು ನಿಮಗೆ ಸುಳ್ಳು ಹೇಳ್ದೆ. ದಾಸಯ್ಯಣ್ಣನ ಬ್ಯಾರನ್‌ಗೆ ಯಾವ ರೋಗಾನೂ ಬಂದಿರ್ನಿಲ್ಲ. ಎದ್ರಿದ್ದೋಳು ನಾನು. ನಿಮ್ ಮುಯ್ಯಿ ನೀವು ನೋಡ್ಕಳಿ, ನಂದು ತೀರ್ಸಾಕೆ ನಾನು ಹೋಯ್ತಿವ್ನಿ.” ಒಬ್ಬಳು ಮುಖ ತಿರುಗಿಸಿದಳು, ಇನ್ನೊಬ್ಬಳು “ಈಗ ಹೇಳ್ತೀಯಲ್ಲ” ಎಂದು ಬೈದಳು. ಬೈಸಿಕೊಂಡೆ.

ಜುಲೈ ಕೊನೆಯಲ್ಲಿ ದಾಸಯ್ಯನ ಹೊಲದಲ್ಲಿ ಮೊದಲ ಸೊಪ್ಪು ಮುರಿದ ದಿನ, ಹೇಳದೆ ಕೇಳದೆ ಹೋಗಿ ರಾಶಿಯ ಮುಂದೆ ಕೂತು ಕಡ್ಡಿ ಎತ್ತಿಕೊಂಡೆ.

“ಎದ್ದೇಳವ್ವ” ಎಂದ ದಾಸಯ್ಯ.

“ಏಳಾಕಿಲ್ಲ. ಎರಡು ದಿನದ ಮುಯ್ಯಿ ಐತೆ. ತೀರ್ಸ್ಕಂಡು ಏಳ್ತೀನಿ.”

ಮುಯ್ಯಿ ತೀರಿಸಲು ಬಂದವರನ್ನು ಎಬ್ಬಿಸಿ ಕಳಿಸುವುದು ನಮ್ಮಲ್ಲಿ ಇಲ್ಲ. ಅವನು ದಾರದ ಉಂಡೆಯನ್ನು ನನ್ನ ಕಡೆ ಉರುಳಿಸಿದ. ಸ್ವಲ್ಪ ಹೊತ್ತಿಗೆ ಕನಕರಾಜು ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತ. ಆಮೇಲೆ ಬೈದವಳು ಬಂದಳು, ಮುಖ ತಿರುಗಿಸಿದವಳು ಮಗಳನ್ನೂ ಕರೆದುಕೊಂಡು ಬಂದಳು. ಊಟದ ಹೊತ್ತಿಗೆ ಹತ್ತೊಂಬತ್ತು ಜನ. ಅಣ್ಣಯ್ಯನೂ ಬಿಳಿ ಅಂಗಿಯಲ್ಲಿ ಬಂದ. ಸೊಪ್ಪಿನ ಅಂಟು ಆ ಅಂಗಿಯಿಂದ ಇನ್ನೂ ಹೋಗಿಲ್ಲ.

ಸಂಜೆ ಬ್ಯಾರನ್ ತುಂಬಿ ಬೆಂಕಿ ಹಾಕಿದ ಮೇಲೆ ಕಾವ್ಯಳಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಸುತ್ತ ತಿರುಗಿಸಿದೆ. ಬ್ಯಾರನ್, ಕೈ ತೊಳೆಯುತ್ತಿದ್ದ ಜನ, ಕಲ್ಲಿನ ಮೇಲೆ ಕೂತಿದ್ದ ಅವಳಪ್ಪ. ಅವಳು ಮುಖವನ್ನು ಫೋನಿಗೆ ಹತ್ತಿರ ತಂದು ನೋಡಿದಳು. ಕೊನೆಗೆ, “ಕೆಳಗಿನ ಸಾಲು ಬಿಗಿಯಾಗಿ ಕಟ್ಟಿದ್ದೀರಾ? ಎಲೆ ಜಾರೀತು, ನೋಡ್ಕಳಿ” ಎಂದಳು. ದನಿ ಒಡೆದಿತ್ತು.

ಎರಡನೇ ವಾರವೂ ಹೋದೆ. ಅಲ್ಲಿಗೆ ನನ್ನ ಮುಯ್ಯಿ ತೀರಿತು. ಮೂರನೇ ವಾರ ಸೊಪ್ಪು ಮುರಿದಾಗಲೂ ಹೋಗಿ ಕೂತೆ, ಕರೆಯುವವರು ಬೇಕೇ? ಹತ್ತು ಗಂಟೆಯ ಬಸ್ಸು ಬಂದು ಹೋದ ಸದ್ದು ಕೇಳಿತು. ಮಳೆಗೆ ಬಣ್ಣ ಬಿಟ್ಟಿದ್ದ ತನ್ನ ಫ್ಲೆಕ್ಸನ್ನು ದಾಟಿಕೊಂಡು, ಬದುವಿನ ಮೇಲೆ ಬ್ಯಾಗು ಹಿಡಿದು ಕಾವ್ಯ ನಡೆದು ಬರುತ್ತಿದ್ದಳು. ಹದಿನಾಲ್ಕು ದಿನದ ನಿಯಮ ಆ ಹೊತ್ತಿಗೆ ಹೋಗಿತ್ತು. ಬೀರಮ್ಮ ಸೊಪ್ಪಿನ ಕೈಯಲ್ಲೇ ಓಡಿ ಹೋಗಿ ಮಗಳ ಕೆನ್ನೆ ಹಿಡಿದಳು, ಕೆನ್ನೆಯೆಲ್ಲ ಕಪ್ಪಾಯಿತು.

ಕಾವ್ಯ ಮೊದಲು ಬ್ಯಾರನ್ನಿನ ಗೋಡೆಗೆ ಅಂಗೈ ಒತ್ತಿ ನೋಡಿದಳು. ಆಮೇಲೆ ನನ್ನ ಪಕ್ಕದಲ್ಲಿ ಕೂತು ಕಡ್ಡಿ ಎತ್ತಿಕೊಂಡಳು. ನಾನು ದಾರದ ಉಂಡೆಯನ್ನು ಅವಳ ಕಡೆ ಉರುಳಿಸಿದೆ. ಅವಳು ದಾರ ಬಿಗಿಯುತ್ತ ಹೇಳಿದಳು:

“ಚಿಕ್ಕವ್ವ, ಚಿಕ್ಕಪ್ಪಂದು ಲೆಕ್ಕಕ್ಕಿಲ್ಲ, ಅವ್ರು ಬರೀ ಕತೆ ಹೊಡ್ಕಂಡು ಕೂತಿದ್ರಂತೆ. ನಿಂದು ಮಾತ್ರ ಇವತ್ತಿಗೆ ಒಂದಿನ ಜಾಸ್ತಿ ಆಯ್ತು. ನಿಮ್ಮೊಲದಾಗೆ ಯಾವಾಗ ಮುರೀತೀಯ ಹೇಳು. ಮುಯ್ಯಿ ತೀರ್ಸಾಕೆ ನಾನೇ ಬತ್ತೀನಿ.”