ದಿನಕ್ಕೆ ಎರಡು ಗಳಿಗೆ

ಗ್ರಂಥಾಲಯದ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚುವವರು ಯಾವ ಊರಿನಲ್ಲಿಲ್ಲ ಹೇಳಿ? ಆದರೆ ಗೀಚಿದ್ದರ ಕೆಳಗೆ ತನ್ನ ಹೆಸರು, ಗಂಡನ ಹೆಸರು, ಮನೆಯ ಗುರುತು ಎಲ್ಲ ಬರೆದು ಸಹಿ ಹಾಕಿದವಳು ನಮ್ಮ ಗಣಪಿ ಒಬ್ಬಳೇ ಇರಬೇಕು. ಕದ್ದುಮುಚ್ಚಿ ಬರೆಯುವುದಕ್ಕೆ ಅದೇನು ಸುಳ್ಳೇ ಎನ್ನುವುದು ಅವಳ ವಾದ. ಹಾಗಾಗಿ ಕಳ್ಳನನ್ನು ಹುಡುಕುವ ಕೆಲಸ ಗ್ರಂಥಪಾಲಕ ಯೋಗೇಶನಿಗೆ ಬೀಳಲೇ ಇಲ್ಲ.

ಗಣಪಿಯ ಮನೆ ತದಡಿಯಿಂದ ಸ್ವಲ್ಪ ಒಳಗೆ, ಅಘನಾಶಿನಿ ಹೊಳೆ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುವ ಕಡೆ. ವಯಸ್ಸು ಐವತ್ತೆಂಟು. ನೀರು ಇಳಿದಾಗ ಕೆಸರಿಗಿಳಿದು, ಸೊಂಟ ಬಗ್ಗಿಸಿ ಬಳಚು ಎಂಬ ಚಿಪ್ಪುಮೀನು ಆರಿಸಿ ಬುಟ್ಟಿ ತುಂಬಿಸುವುದು ಅವಳ ಕಸುಬು. ಗಂಡ ಚೌಡ ಮೊದಲು ದೋಣಿಗೆ ಹೋಗುತ್ತಿದ್ದ, ಈಗ ಮಂಡಿ ನೋವೆಂದು ಜಗಲಿಯಲ್ಲಿ ಬಲೆ ಹೆಣೆಯುತ್ತಾನೆ. ಗಣಪಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೂವತ್ತು ವರ್ಷದ ಹಿಂದೆ ಊರಿಗೆ ಸಾಕ್ಷರತೆಯ ತರಗತಿ ಬಂದಾಗ, ದಿನವಿಡೀ ಕೆಸರಿನಲ್ಲಿದ್ದ ಕೈಯಲ್ಲಿ ಬಳಪ ಹಿಡಿದು ಅ ಆ ಇ ಈ ತಿದ್ದಿದಳು. ಕಲಿಸಿದವರು ನಿತ್ಯಾನಂದ ಮಾಸ್ತರ್ರು. ಜತೆಗೆ ಕಲಿತ ಹೆಂಗಸರೆಲ್ಲ ಬಸ್ಸಿನ ಬೋರ್ಡು ಓದುವಷ್ಟಕ್ಕೆ ತೃಪ್ತರಾದರು. ಗಣಪಿಗೆ ಹಸಿವು ಅಲ್ಲಿಂದ ಶುರುವಾಯಿತು.

ಪಂಚಾಯತಿ ಗ್ರಂಥಾಲಯದ ಮೂರು ಕಪಾಟುಗಳನ್ನು ಅವಳು ಒಂದು ತುದಿಯಿಂದ ಮೇಯುತ್ತ ಬಂದಳು. ಪುರಾಣದ ಕತೆ, ಸಂತರ ಜೀವನ, ಜೇನು ಸಾಕಣೆ, ಹಲ್ಲಿನ ಆರೋಗ್ಯ, ಯಾವುದನ್ನೂ ಬಿಟ್ಟವಳಲ್ಲ. ಹಲ್ಲಿನ ಪುಸ್ತಕ ಓದಿದ ಮೇಲೆ ಚೌಡನ ಎಲೆಯಡಿಕೆಗೆ ಸಂಚಕಾರ ಬಂತು ಎಂಬುದು ಬೇರೆ ಮಾತು. ಅವಳಿಗೆ ತೀರಾ ಇಷ್ಟವಾದದ್ದು ಮಾತ್ರ ಆಕಾಶದ ಪುಸ್ತಕಗಳು. ಇಷ್ಟೆಲ್ಲ ದೊಡ್ಡದು ಯಾರೂ ತಳ್ಳದೆ ಹೇಗೆ ತಿರುಗುತ್ತದೆ, ತಪ್ಪದೆ ಹೇಗೆ ತಿರುಗುತ್ತದೆ ಎಂದು ಓದುವಾಗ ಅವಳಿಗೆ ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಆಗುವಂಥದೇ ಆಗುತ್ತಿತ್ತು. ಎದೆ ತುಂಬಿ ಬರುತ್ತಿತ್ತು. ಸಮುದ್ರ ಉಸಿರಾಡುತ್ತದೆ, ಉಸಿರು ತೆಗೆದುಕೊಂಡಾಗ ನೀರು ಏರುತ್ತದೆ ಎಂದು ಅವಳ ಅವ್ವಿ ಗಂಗಿ ಹೇಳುತ್ತಿದ್ದಳು. ಚಂದ್ರ ಎಳೆಯುತ್ತಾನೆ ಎಂದು ಪುಸ್ತಕ ಹೇಳಿತು. ಗಣಪಿಗೆ ಎರಡೂ ಒಪ್ಪಿಗೆಯೇ. ಎಳೆಯುವವನೊಬ್ಬ, ಉಸಿರಾಡುವವಳೊಬ್ಬಳು, ಅದರಲ್ಲಿ ಜಗಳವೇನು ಬಂತು?

ಜಗಳ ತಂದದ್ದು ಹೊಸದಾಗಿ ಬಂದ ಪುಸ್ತಕಗಳ ಕಟ್ಟಿನಲ್ಲಿದ್ದ, ರಟ್ಟಿನ ಮೇಲೆ ಗ್ರಹಗಳ ಚಿತ್ರವಿದ್ದ ಒಂದು ದಪ್ಪ ಪುಸ್ತಕ. ಅದರ ಒಂದು ಪುಟದಲ್ಲಿ ಹೀಗಿತ್ತು: ಸಮುದ್ರದ ನೀರು ಬೆಳಿಗ್ಗೆ ಆರಕ್ಕೆ ಏರತೊಡಗಿ ಹನ್ನೆರಡಕ್ಕೆ ತುಂಬುತ್ತದೆ, ಸಂಜೆ ಆರಕ್ಕೆ ಇಳಿಯುತ್ತದೆ, ಪ್ರತಿದಿನವೂ ಇದೇ ಹೊತ್ತಿಗೆ ನಡೆಯುತ್ತದೆ. ಗಣಪಿ ಎರಡು ಸಲ ಓದಿದಳು. ಹುಟ್ಟಿದಾಗಿನಿಂದ ನೀರಿನ ಹೊತ್ತು ನೋಡಿಯೇ ಗಂಜಿ ಉಂಡವಳು ಅವಳು. ಯೋಗೇಶನ ಮೇಜಿನ ಪೆನ್ಸಿಲು ತೆಗೆದುಕೊಂಡು ಪುಟದ ಅಂಚಿನಲ್ಲಿ ದುಂಡಗೆ ಬರೆದಳು: ‘ಇದು ಸುಳ್ಳು. ನೀರು ದಿನಕ್ಕೆ ಎರಡು ಗಳಿಗೆ ತಡವಾಗಿ ತುಂಬುತ್ತದೆ. ಗಣಪಿ ಚೌಡ, ಹೊಳೆದಂಡೆ ಮನೆ.’

ಯೋಗೇಶ ಒಳ್ಳೆಯ ಹುಡುಗ, ಆದರೆ ಹೆದರುಪುಕ್ಕಲ. ಆ ತಿಂಗಳು ಪುಸ್ತಕಗಳ ತಪಾಸಣೆಗೆ ಮೇಲಿನವರು ಬರುವವರಿದ್ದರು. ಅವನು ಪುಸ್ತಕವನ್ನು ಗ್ರಂಥಾಲಯ ಸಮಿತಿಯ ಮುಂದಿಟ್ಟ. ಸಮಿತಿ ಎಂದರೆ ನಿತ್ಯಾನಂದ ಮಾಸ್ತರ್ರು, ಉಳಿದವರು ಚಾ ಕುಡಿಯುವುದಕ್ಕೆ ಬರುತ್ತಿದ್ದರು ಅಷ್ಟೆ. ಮಾಸ್ತರ್ರು ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಸರ್ವೀಸಿನ ಉದ್ದಕ್ಕೂ ರಾಹುಕಾಲ, ಶಕುನ, ನಿಂಬೆಹಣ್ಣುಗಳ ಜತೆ ಗುದ್ದಾಡಿದ ಮನುಷ್ಯ. ಅಂಚಿನ ಬರಹ ಓದುತ್ತ ‘ಗಳಿಗೆ’ ಎಂಬ ಪದಕ್ಕೆ ಬಂದದ್ದೇ ತಡ, ಅವರಿಗೆ ಮೈಯೆಲ್ಲ ಉರಿಯಿತು.

“ಎಂತದೇ ಇದು ಗಣಪಿ? ಗಳಿಗೆ, ಮುಹೂರ್ತ ಎಲ್ಲ ಭಟ್ಟರ ಹತ್ರ ಇಟ್ಕೊ. ಇದು ವಿಜ್ಞಾನದ ಪುಸ್ತಕ.”

“ಮುಹೂರ್ತ ಅಲ್ಲ ಮಾಸ್ತರ್ರೇ. ಗಳಿಗೆ ಅಂದ್ರೆ ಹೊತ್ತು.”

“ಎರಡೂ ಒಂದೇ. ಒಳ್ಳೆ ಗಳಿಗೆ, ಕೆಟ್ಟ ಗಳಿಗೆ ಅಂತ ನೀರು ಕಾಯ್ತಾ ಕೂತಿರ್ತದಾ? ನಿಂಗೆ ಅಕ್ಷರ ಕಲಿಸಿದ್ದು ಇಂಥದ್ದು ಬರೀಲಿ ಅಂತಲ್ಲ. ಅಳಿಸಿ ಕೊಡು. ಅಳಿಸೂವರೆಗೆ ನಿನ್ನ ಕಾರ್ಡು ಇಲ್ಲೇ ಇರ್ತದೆ.”

ಗಣಪಿಗೆ ಬಾಯಿ ಕಟ್ಟಿತು. ಕೆಸರಿನ ಮೇಲೆ ಹತ್ತು ಹೆಂಗಸರನ್ನು ಸುಮ್ಮನಾಗಿಸುವ ಬಾಯಿ ಅದು. ಆದರೆ ಮಾಸ್ತರ್ರ ಎದುರು ಅವಳು ಇನ್ನೂ ಸ್ಲೇಟು ಹಿಡಿದವಳೇ. ಸೆರಗಿನ ಗಂಟಿನಿಂದ ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಬಂದಳು.

ಆಮೇಲಿನ ಮೂರು ವಾರ ಅವಳು ಪಟ್ಟ ಪಾಡು ಹೇಳತೀರದು. ಓದಲು ಏನೂ ಇಲ್ಲದೆ ಬೇಳೆ ಕಟ್ಟಿ ತಂದ ಪೇಪರು ಓದಿದಳು, ಔಷಧದ ಚೀಟಿ ಓದಿದಳು, ಗೋಡೆಯ ಕ್ಯಾಲೆಂಡರನ್ನು ಹಿಂದುಮುಂದು ಮಾಡಿ ಓದಿದಳು. ಬಳಚು ಬೇಯಿಸುವಾಗ ತಲೆಯೊಳಗೆ ಹಳೆಯ ಪುಸ್ತಕಗಳ ಪುಟಗಳನ್ನೇ ತಿರುವಿದಳು. ಕೆಸರಿಗೆ ಹೋಗದೆ ಎರಡು ದಿನ ಇರಬಲ್ಲಳು, ಪುಸ್ತಕವಿಲ್ಲದೆ ಇರಲಾರಳು ಎನ್ನುವುದು ಅವಳಿಗೇ ಆಗ ಗೊತ್ತಾದದ್ದು.

“ಒಂದು ಗೆರೆ ಅಳಿಸೂಕೆ ಎಂತ ಹಟ ನಿಂದು?” ಎಂದ ಚೌಡ. “ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಿ.”

“ಮೊಲಕ್ಕೆ ನಿಜವಾಗ್ಲೂ ಮೂರೇ ಕಾಲಿದ್ರೆ ನಾ ಎಂತ ಮಾಡ್ಲಿ?” ಎಂದಳು. ಎಂದಳೇ ಹೊರತು ಮರುದಿನ ಅಂಗಡಿಗೆ ಹೋಗಿ ಒಂದು ರಬ್ಬರು ತಂದಳು. ಸೋತೆ ಎಂದು ಅವಳಿಗೆ ಅಳು ಬಂತು. ಆದರೂ ಹೋದಳು.

ಗ್ರಂಥಾಲಯದಲ್ಲಿ ಯೋಗೇಶ ಸಮಾಧಾನದ ಉಸಿರು ಬಿಟ್ಟು ಪುಸ್ತಕ ತೆಗೆದುಕೊಟ್ಟ. ಗಣಪಿ ಆ ಪುಟ ಹುಡುಕುತ್ತ ಒಂದು ಪುಟ ಹಿಂದೆಯೇ ತೆರೆದಳು. ಮೂರು ವಾರದ ಉಪವಾಸದ ಕಣ್ಣು, ಸಿಕ್ಕಿದ್ದನ್ನು ಓದದೆ ಬಿಡುತ್ತದೆಯೇ? ಅಲ್ಲಿ ಚಂದ್ರನ ವಿಷಯವಿತ್ತು. ಸಮುದ್ರದ ನೀರನ್ನು ಮೇಲಕ್ಕೆ ಎಳೆಯುವವನು ಮುಖ್ಯವಾಗಿ ಚಂದ್ರ ಎಂದಿತ್ತು. ಚಂದ್ರ ದಿನದಿಂದ ದಿನಕ್ಕೆ ತಡವಾಗಿ ಉದಯಿಸುತ್ತಾನೆ ಎಂದೂ ಇತ್ತು. ಗಣಪಿ ಈ ಪುಟ ನೋಡಿದಳು, ಆ ಪುಟ ನೋಡಿದಳು. ರಬ್ಬರನ್ನು ಮೇಜಿನ ಮೇಲಿಟ್ಟಳು.

“ಯೋಗೇಶ, ಇಲ್ಲಿ ನೋಡಾ. ಎಳಿಯೂವವನೇ ದಿನಾ ತಡ ಮಾಡಿ ಬರ್ತಾ. ಅವ ತಡ ಮಾಡಿದ್ರೆ ನೀರು ಮಾತ್ರ ಗಡಿಯಾರ ನೋಡ್ಕಂಡು ಬರ್ತದಾ? ಪುಸ್ತಕದ ಮಾತು ಪುಸ್ತಕಕ್ಕೇ ಗೊತ್ತಿಲ್ಲ!”

ಯೋಗೇಶ ಪುಟ ನೋಡಿ ತಲೆ ಕೆರೆದುಕೊಂಡ. ಅಷ್ಟು ಹೊತ್ತಿಗೆ ಗಣಪಿ ಮಾಸ್ತರ್ರ ಮನೆಯ ಅಂಗಳದಲ್ಲಿದ್ದಳು. ಈ ಸಲ ಬಾಯಿ ಕಟ್ಟಲಿಲ್ಲ.

“ಅಮಾಸೆ ಆದ ಮರುದಿನದಿಂದ ಮೂರು ದಿನ ದಕ್ಕೆಗೆ ಬನ್ನಿ ಮಾಸ್ತರ್ರೇ. ಪುಸ್ತಕ ಗೆದ್ರೆ ನಾನೇ ಅಳಿಸ್ತೆ, ಮತ್ತೆ ಗ್ರಂಥಾಲಯದ ಬಾಗಿಲಿಗೂ ಬರೂದಿಲ್ಲ. ನಾ ಗೆದ್ರೆ ನನ್ನ ಕಾರ್ಡು ಕೊಡಿ.”

ಪ್ರಯೋಗ ಎಂದರೆ ಮಾಸ್ತರ್ರಿಗೆ ಬೆಲ್ಲ. “ಆತು” ಎಂದುಬಿಟ್ಟರು.

ಪಾಡ್ಯದ ದಿನ ದೋಣಿ ಕಟ್ಟುವ ದಕ್ಕೆಯಲ್ಲಿ ಹತ್ತಿಪ್ಪತ್ತು ಜನ ಸೇರಿದರು. ಮೊಬೈಲಿನಲ್ಲೇ ನೋಡಬಹುದಲ್ಲ ಎಂದು ಯೋಗೇಶ ಏನೋ ಒಂದು ವೇಳೆ ತೋರಿಸಿದ. ಗಣಪಿ ಬಗ್ಗಿ ಓದಿ, “ಇದು ಬೊಂಬಾಯಿ ನೀರು, ನಮ್ಮ ನೀರಲ್ಲ” ಎಂದಳು. ಅಳತೆಯ ಕ್ರಮ ಅವಳದೇ: ಒಂದು ಹುಲ್ಲುಕಡ್ಡಿ ತೇಲಿಬಿಡುವುದು. ಅದು ಊರಿನ ಕಡೆ ಹೋಗುತ್ತಿದ್ದರೆ ನೀರು ಇನ್ನೂ ಏರುತ್ತಿದೆ, ನಿಂತಲ್ಲೇ ನಿಂತರೆ ತುಂಬಿತು. ಮಾಸ್ತರ್ರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದರು. ಕಡ್ಡಿ ನಿಂತಾಗ ಹನ್ನೆರಡಕ್ಕೆ ಹತ್ತು ನಿಮಿಷ.

“ಪುಸ್ತಕದಲ್ಲಿ ಹನ್ನೆರಡು!” ಎಂದು ಯಾರೋ ಕೂಗಿದರು. ದಕ್ಕೆಗೆ ದಕ್ಕೆಯೇ ನಕ್ಕಿತು. ಚೌಡ ತಲೆ ತಗ್ಗಿಸಿದ. ಮಾಸ್ತರ್ರು ನಗಲಿಲ್ಲ, ಆದರೆ ಅವರ ಮೀಸೆಯ ಕೆಳಗೆ ಏನೋ ಅಲುಗಿತು. ಗಣಪಿಯ ಕಿವಿ ಬಿಸಿಯಾಯಿತು. ಅವಮಾನ ಅವಮಾನವೇ, ನಾಳೆ ಗೆಲ್ಲುತ್ತೇನೆಂದು ಗೊತ್ತಿದ್ದರೂ ಅದು ಚುಚ್ಚದೆ ಬಿಡುವುದಿಲ್ಲ. “ನಾಳೆ ಬನ್ನಿ” ಎಂದಷ್ಟೇ ಹೇಳಿ ಮನೆಗೆ ನಡೆದಳು.

ಬಿದಿಗೆಯ ದಿನ ಜನ ಇನ್ನೂ ಹೆಚ್ಚು. ಸೋಲು ನೋಡುವುದಕ್ಕೆ ಜನಕ್ಕೆ ಯಾವಾಗಲೂ ಪುರುಸೊತ್ತಿರುತ್ತದೆ. ಹನ್ನೆರಡಾಯಿತು. ಕಡ್ಡಿ ಊರಿನ ಕಡೆಗೇ ಹೋಗುತ್ತಿತ್ತು. ಹನ್ನೆರಡೂಕಾಲು. ಕಡ್ಡಿ ಹೋಗುತ್ತಲೇ ಇತ್ತು. ನಗುವವರ ದನಿ ಒಂದೊಂದಾಗಿ ತಗ್ಗಿತು. ಹನ್ನೆರಡು ನಲವತ್ತಕ್ಕೆ ಕಡ್ಡಿ ನಿಂತಿತು.

“ಗಾಳಿ ಇತ್ತು ಇವತ್ತು” ಎಂದರು ಮಾಸ್ತರ್ರು. ತಮ್ಮ ಮಾತಿನ ಮೇಲೆ ತಮಗೇ ಅಷ್ಟು ನಂಬಿಕೆ ಇದ್ದಂತೆ ಕಾಣಲಿಲ್ಲ.

ಮೂರನೆಯ ದಿನ ಜನರಿಗೆ ಊಟದ ಹೊತ್ತು ಮೀರಿತು, ಅರ್ಧ ಮಂದಿ ಮನೆಗೆ ಹೋದರು. ಮಾಸ್ತರ್ರು ಮಾತ್ರ ಕೊಡೆ ಬಿಡಿಸಿಕೊಂಡು ಕಲ್ಲಿನ ಮೇಲೆ ಕೂತೇ ಇದ್ದರು. ಒಂದು ಇಪ್ಪತ್ತೈದಕ್ಕೆ ಕಡ್ಡಿ ನಿಂತಿತು. ಅವರು ಡೈರಿಯಲ್ಲಿ ಮೂರು ದಿನದ ವೇಳೆಯನ್ನು ಒಂದರ ಕೆಳಗೊಂದು ಬರೆದು ಕಳೆದು ನೋಡಿದರು. ಮೊದಲ ದಿನಕ್ಕೂ ಎರಡನೆಯ ದಿನಕ್ಕೂ ಐವತ್ತು ನಿಮಿಷ. ಎರಡಕ್ಕೂ ಮೂರಕ್ಕೂ ನಲವತ್ತೈದು.

“ಗಣಪಿ, ನಿನ್ನ ಗಳಿಗೆ ಅಂದ್ರೆ ಎಷ್ಟು ನಿಮಿಷ?”

“ನಿಮಿಷದ ಲೆಕ್ಕ ನಂಗೆ ಗೊತ್ತಿಲ್ಲ. ಹಗಲು ರಾತ್ರಿ ಸೇರಿ ಅರವತ್ತು ಗಳಿಗೆ ಅಂತ ಅವ್ವಿ ಹೇಳ್ತಿತ್ತು. ಕುಚ್ಚಲಕ್ಕಿ ಅನ್ನ ಬೇಯೂಕೆ ಎರಡು ಗಳಿಗೆ. ನೀರು ದಿನಕ್ಕೊಂದು ಅನ್ನದಷ್ಟು ತಡ.”

ಮಾಸ್ತರ್ರು ಇಪ್ಪತ್ತನಾಲ್ಕು ಗಂಟೆಯನ್ನು ನಿಮಿಷ ಮಾಡಿ ಅರವತ್ತರಿಂದ ಭಾಗಿಸಿದರು. ಇಪ್ಪತ್ತನಾಲ್ಕು ಬಂತು. ಎರಡರಿಂದ ಗುಣಿಸಿದರು. ನಲವತ್ತೆಂಟು. ಐವತ್ತಕ್ಕೂ ನಲವತ್ತೈದಕ್ಕೂ ನಡುವೆ ಬಂದು ಕೂತ ಆ ನಲವತ್ತೆಂಟರ ಸುತ್ತ ಒಂದು ಗೆರೆ ಎಳೆದರು. ತಾವು ಮೂಢನಂಬಿಕೆ ಎಂದು ಬೈದದ್ದು ಒಂದು ಅಳತೆಯನ್ನು! ಆಮೇಲೆ ಅವರು ನಕ್ಕರು, ಕೊಡೆ ಅಲುಗುವಷ್ಟು ನಕ್ಕರು.

“ಮೂವತ್ತೆಂಟು ವರ್ಷ ಪಾಠ ಮಾಡಿದೆ ಮಾರಾಯ್ತಿ. ದಿನಾ ಈ ಹೊಳೆ ದಾಟಿಯೇ ಶಾಲೆಗೆ ಹೋದೆ. ಒಂದು ದಿನ ನೀರು ನೋಡ್ಲಿಲ್ಲ. ನಂದು ಪುಸ್ತಕದ ಬದನೇಕಾಯಿ ಆತು.”

ಮೀನು ಹೊತ್ತುಕೊಂಡು ನಿಂತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಮೊದಲ ದಿನ ತಲೆ ತಗ್ಗಿಸಿದ್ದ ಚೌಡ, ಗಳಿಗೆಯ ಲೆಕ್ಕವನ್ನು ತಾನೇ ಹೆಂಡತಿಗೆ ಕಲಿಸಿದೆನೆಂದು ಪಕ್ಕದವನಿಗೆ ಹೇಳುತ್ತಿದ್ದ. ಗಣಪಿ ಅದನ್ನು ಕೇಳಿಸಿಕೊಂಡೂ ಬಿಟ್ಟಳು. ಅಷ್ಟು ಸಂತೋಷವಾಗಿತ್ತು ಅವಳಿಗೆ. ಗೆದ್ದೆ ಎಂಬ ಸಂತೋಷಕ್ಕಿಂತ, ಅವ್ವಿ ಗಂಗಿ ಗೆದ್ದಳು, ಅಕ್ಷರ ತಿಳಿಯದ ಅವಳ ಮಾತು ಡೈರಿಯೊಳಗೆ ಅಂಕಿಯಾಗಿ ಕೂತಿತು ಎಂಬ ಸಂತೋಷ.

ಮಾಸ್ತರ್ರು ಊಟಕ್ಕೂ ಹೋಗದೆ ನೇರ ಗ್ರಂಥಾಲಯಕ್ಕೆ ನಡೆದರು. ಡ್ರಾಯರಿನಿಂದ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ತಪಾಸಣೆಯವರು ಕೇಳಿದರೆ ಏನು ಹೇಳಲಿ ಎಂದ ಯೋಗೇಶನಿಗೆ, “ಪುಸ್ತಕ ತಪ್ಪು, ಓದುಗರು ಸರಿ ಅಂತ ಹೇಳು. ನನ್ನ ಹೆಸರು ಹೇಳು” ಎಂದರು. ಗಣಪಿ ಕಾರ್ಡನ್ನು ಕಣ್ಣಿಗೊತ್ತಿಕೊಂಡಳು. ಇಷ್ಟಕ್ಕೆ ಸುಮ್ಮನೆ ಮನೆಗೆ ಹೋಗಿದ್ದರೆ ಅವಳು ಗಣಪಿಯಾಗುತ್ತಿರಲಿಲ್ಲ.

“ಮಾಸ್ತರ್ರೇ, ಒಂದು ಕೇಳೂದಿತ್ತು. ಚಂದ್ರ ನೆತ್ತಿ ದಾಟೂ ಹೊತ್ತಿಗೆ ನೀರು ತುಂಬ್ತದೆ, ಸರಿ, ಅವ ಎಳೀತಾ. ಮತ್ತೆ ಅವ ನಮ್ಮ ಕಾಲಡಿ, ಭೂಮಿಯ ಆ ಬದಿಗೆ ಹೋದಾಗ್ಲೂ ಇಲ್ಲಿ ಅಷ್ಟೇ ನೀರು ತುಂಬ್ತದಲ್ಲ. ಆಗ ಈ ಬದಿಗೆ ಎಳಿಯೂವವರು ಯಾರು?”

ಮಾಸ್ತರ್ರು ಆ ದಪ್ಪ ಪುಸ್ತಕವನ್ನು ಎಳೆದುಕೊಂಡು ಪುಟ ತಿರುವಿದರು. ಅಲ್ಲಿ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕೊನೆಗೆ, ಆ ಊರಿನಲ್ಲಿ ಅವರ ಬಾಯಿಂದ ಯಾರೂ ಕೇಳಿರದ ಮಾತು ಹೇಳಿದರು.

“ನಂಗೆ ಗೊತ್ತಿಲ್ಲ ಗಣಪಿ.” ಆಮೇಲೆ ಕೆಣಕುವ ದನಿಯಲ್ಲಿ, “ದೇವರಿಗೇ ಗೊತ್ತು ಅಂತ ಬಿಡೂದಾ?” ಎಂದರು.

“ಬಿಡೂದೆಂತಕ್ಕೆ? ಅವಗೆ ಮುಚ್ಚಿಡೂ ಮನಸ್ಸಿದ್ರೆ ದಿನಾ ಎರಡು ಸಲ ನೀರು ನಮ್ಮ ಮನೆ ಬಾಗಿಲಿಗೆ ತಂದು ತೋರಿಸ್ತಿದ್ನಾ?”

ಮಾಸ್ತರ್ರು ಮೇಜಿನ ಮುಂದೆ ಕೂತರು. ಪಕ್ಕದ ಕುರ್ಚಿಯನ್ನು ತಮ್ಮ ಕೈಯಿಂದಲೇ ಎಳೆದು ಅವಳಿಗೆ ಕೊಟ್ಟು, ಕಪಾಟಿನಲ್ಲಿರುವ ಆಕಾಶದ ಪುಸ್ತಕಗಳನ್ನೆಲ್ಲ ತೆಗೆದುಕೊಂಡು ಬಾ ಎಂದು ಯೋಗೇಶನಿಗೆ ಹೇಳಿದರು. ಗಣಪಿ ಸೆರಗಿಗೆ ಕೈ ಒರೆಸಿಕೊಂಡು ಮಾಸ್ತರ್ರ ಪಕ್ಕದಲ್ಲಿ ಕೂತಳು.