ಮಾಜಾಳಿಯ ಸಾಲಿನಲ್ಲಿ ಸದ್ದಿಲ್ಲದ ಗಾಡಿ

ನನ್ನ ಗಾಡಿಯ ಹಿಂಬದಿಯಲ್ಲಿ, ನಂಬರ್ ಪ್ಲೇಟಿನ ಮೇಲೆ ಬಲಕ್ಕೆ, ‘ಹೈಬ್ರಿಡ್’ ಎಂಬ ಬೆಳ್ಳಿ ಬಣ್ಣದ ಅಕ್ಷರಗಳಿವೆ; ಎಂಜಿನ್ ಮತ್ತು ಬ್ಯಾಟರಿ ಎರಡರಿಂದಲೂ ಓಡುವ ಗಾಡಿ ಎಂದು ಅರ್ಥ. ಒಂಬತ್ತು ವರ್ಷಗಳ ಹಿಂದೆ ಕಾರವಾರದ ಒಂದು ಶೋರೂಮಿನಲ್ಲಿ ಆ ಅಕ್ಷರಗಳನ್ನು ನಂಬಿಯೇ ಅದನ್ನು ಕೊಂಡೆ. ಮೂರು ತಿಂಗಳು ಕಳೆದರೂ ಗಾಡಿ ಒಮ್ಮೆಯೂ ಬರಿಯ ಬ್ಯಾಟರಿಯ ಮೇಲೆ ಓಡಲಿಲ್ಲ. ಹೋಗಿ ಕೇಳಿದೆ. ಮಾರಿದವನು ಕುರ್ಚಿಯಿಂದ ಏಳಲಿಲ್ಲ.

“ಅಂಕಲ್, ಅದು ಹೆಸರಿಗೆ ಹೈಬ್ರಿಡ್. ಬ್ಯಾಟರಿ ಎಂಜಿನ್ನಿಗೆ ಸ್ವಲ್ಪ ಸಹಾಯ ಮಾಡ್ತದೆ, ಅಷ್ಟೇ. ಓಡಿಸೂದಿಲ್ಲ,” ಎಂದ.

ಪಕ್ಕದ ಮೇಜಿನವನು ನಕ್ಕ. ನಕ್ಕವನ ಅಂಗಿಯ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು, ಒಂದಕ್ಕೆ ಮುಚ್ಚಳವಿರಲಿಲ್ಲ. ಮೂವತ್ತನಾಲ್ಕು ವರ್ಷ ಅಂಕೋಲೆ ಮತ್ತು ಕಾರವಾರ ತಾಲೂಕುಗಳ ಜಮೀನು ಅಳೆದವನು ನಾನು. ಗಡಿಕಲ್ಲು ಒಂದು ಮೊಳ ಸರಿದಿದ್ದರೂ ಹೇಳಿ ಸರಿಪಡಿಸಿದವನು. ನನ್ನನ್ನು ನೋಡಿ ನಕ್ಕವರ ಮುಖಗಳು ನನಗೆ ಮರೆಯುವುದಿಲ್ಲ.

ಆ ಗಾಡಿಯಲ್ಲಿ ಒಂದೇ ಒಂದು ಒಳ್ಳೆಯ ಗುಣವಿತ್ತು. ಎಲ್ಲಿಯಾದರೂ ನಿಂತರೆ ಎಂಜಿನ್ ತಾನಾಗಿ ಆರುತ್ತಿತ್ತು, ಹೊರಡುವಾಗ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಆರನೆಯ ವರ್ಷ ಅದರ ಚಿಕ್ಕ ಬ್ಯಾಟರಿ ಸತ್ತಿತು. ಆ ಬ್ಯಾಟರಿ ಈಗ ಬರುವುದಿಲ್ಲ, ಅದಿಲ್ಲದೆಯೂ ಗಾಡಿ ಓಡುತ್ತದೆ ಎಂದರು. ಓಡುತ್ತದೆ, ನಿಜ. ಆದರೆ ನಿಂತಲ್ಲಿ ಡೀಸೆಲ್ ಎಂಜಿನ್ ಉರಿಯುತ್ತಲೇ ಇರುತ್ತದೆ, ಇಡೀ ಗಾಡಿ ನಡುಗುತ್ತದೆ.

ಈ ನಡುಕ ನನ್ನೊಬ್ಬನ ಮೈಗೆ ಸಂಬಂಧಿಸಿದ್ದಾಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ನನ್ನ ಅಕ್ಕ ಕದ್ವಾಡದಲ್ಲಿ ಮಗ-ಸೊಸೆಯ ಜೊತೆ ಇದ್ದಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಕಳೆದ ವರ್ಷ ಅವಳ ಎದೆಯಲ್ಲಿ ಕಂಡ ಗಡ್ಡೆ ತಿಳಿಯುವ ಹೊತ್ತಿಗೇ ಬೆನ್ನೆಲುಬಿಗೆ ಇಳಿದಿತ್ತು. ನಮ್ಮ ಜಿಲ್ಲೆಯಲ್ಲಿ ಇಂಥ ಕಾಯಿಲೆಗೆ ಆಸ್ಪತ್ರೆಯಿಲ್ಲ ಎಂಬುದನ್ನು ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೂರು ವಾರಕ್ಕೊಮ್ಮೆ ಗೋವೆಗೆ ಹೋಗಬೇಕು. ಅವಳ ಮಗ ಗೋವೆಯ ಒಂದು ಕಾರ್ಖಾನೆಯಲ್ಲೇ ದುಡಿಯುತ್ತಾನೆ, ಆದರೆ ಪಾಳಿಯ ಕೆಲಸ; ರಜೆ ಕೇಳಿದರೆ ಕೆಲಸವೇ ಹೋಗುತ್ತದೆ. ಹಾಗಾಗಿ ಅಂಕೋಲೆಯಿಂದ ಬೆಳಗಿನ ಐದಕ್ಕೆ ಹೊರಟು, ಕದ್ವಾಡಕ್ಕೆ ಹೋಗಿ ಅವಳನ್ನು ಕೂರಿಸಿಕೊಂಡು, ಕಾಳಿ ಸೇತುವೆ ದಾಟಿ, ಮಾಜಾಳಿಯ ಮೇಲಿಂದ ಗೋವೆ ಸೇರುವುದು ನನ್ನ ಪಾಲಿಗೆ ಬಂತು.

ರಸ್ತೆ ಓಡುವಷ್ಟು ಹೊತ್ತು ಅಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು. ಕಷ್ಟವಿದ್ದದ್ದು ಗೋವೆಯ ಗಡಿಯಲ್ಲಿ, ಮಾಜಾಳಿಯ ತಪಾಸಣೆ ಕಟ್ಟೆಯ ಮುಂದಿನ ಸಾಲಿನಲ್ಲಿ. ಲಾರಿಗಳು, ಬಸ್ಸುಗಳು, ಗೋವೆ ತಿರುಗಲು ಹೊರಟವರ ಕಾರುಗಳು. ನಾಲ್ಕು ಮಾರು ಸರಿಯುವುದು, ನಿಲ್ಲುವುದು. ನಿಂತಾಗಲೆಲ್ಲ ಎಂಜಿನ್ನಿನ ನಡುಕ ಸೀಟಿನಿಂದ ಅವಳ ಬೆನ್ನಿಗೆ ಏರುತ್ತಿತ್ತು. ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಎಂಜಿನ್ ಆರಿಸಿ ನೋಡಿದೆ; ಮತ್ತೆ ಹಚ್ಚುವಾಗಿನ ಎಗರು ಇನ್ನೂ ಕೆಟ್ಟದ್ದಾಗಿತ್ತು.

“ಎಂತಾ ಗಾಡಿ ಮಾರಾಯಾ ಇದು! ಹಿಟ್ಟಿನ ಗಿರಣಿಯ ಮೇಲೆ ಕೂತ ಹಾಗೆ ಆಗ್ತದೆ,” ಎಂದಳು ಒಮ್ಮೆ.

“ನಿನ್ನ ಮನೆ ಒಕ್ಕಲಿನ ದಿನ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದೆಯಲ್ಲ, ಅದರ ಸೇಡು ಅಂತ ತಿಳ್ಕೊ,” ಎಂದೆ. ತಮಾಷೆಗೆ ಹೇಳಿದ್ದೆ, ಆದರೆ ಪೂರ್ತಿ ತಮಾಷೆಯಾಗಿರಲಿಲ್ಲ. ಮೂವತ್ತೊಂದು ವರ್ಷಗಳ ಹಿಂದೆ, ಅವಳ ಗಂಡನ ಕಡೆಯವರ ಎದುರು, ಎಲೆಯ ಮುಂದೆ ಕೂತಿದ್ದ ನನ್ನನ್ನು ಏಳಿಸಿ, ನೀನು ಮನೆಯವನು, ಆಮೇಲೆ ಕೂತ್ಕೊ ಎಂದಿದ್ದಳು. ಎರಡನೇ ಪಂಕ್ತಿಗೆ ಬರುವಾಗ ಮಡಗಣೆ ಪಾಯಸದ ಪಾತ್ರೆ ತಳ ಕಂಡಿತ್ತು.

“ಅದನ್ನಿನ್ನೂ ಹೊತ್ಕಂಡು ತಿರುಗ್ತೀಯಾ? ಡಿಕ್ಕಿಯಲ್ಲಿ ಜಾಗ ಉಂಟಾ?” ಎಂದು ಅಕ್ಕ ನಕ್ಕಳು. ನಗು ಬೆನ್ನಿಗೆ ಎಳೆದು ಅರ್ಧಕ್ಕೆ ನಿಂತಿತು.

ಆ ದಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ನೋಡಿ, ಡ್ರೈವರ್ ಹೊರಗೆ ಕೂರಲಿ ಎಂದರು. ನಾನು ಹೊರಗೆ ಹೋಗಿ ಕೂತೆ. ಕಾಗದಕ್ಕೆ ಸಹಿ ಬೇಕಾದಾಗ ತಮ್ಮನೆಂದು ತಿಳಿದು ಒಳಗೆ ಕರೆಸಿದರು, ಕ್ಷಮಿಸಿ ಎನ್ನಲಿಲ್ಲ. ಬಳಿಕ ಹೊರಗೆ ಬಂದು, ಅಕ್ಕನಿಗೆ ಕೇಳದಷ್ಟು ದೂರ ಕರೆದು, ಕೊಂಕಣಿಯಲ್ಲಿ ಒಂದೇ ವಾಕ್ಯ ಹೇಳಿದರು. ಮಳೆಗಾಲ ದಾಟುವುದು ಕಷ್ಟ. ಆಗ ಮಾಘ ಮಾಸ.

ಹಿಂದಿರುಗಿದ ನಾಲ್ಕನೆಯ ದಿನ ನಾನು ಅಕ್ಕನನ್ನೂ ಕರೆದುಕೊಂಡು ಕಾರವಾರಕ್ಕೆ ಹೊಸ ಹೈಬ್ರಿಡ್ ನೋಡಲು ಹೋದೆ. ಇದು ಹೆಸರಿಗೆ ಮಾತ್ರ ಹೈಬ್ರಿಡ್ ಅಲ್ಲವೆಂದು ಮೊದಲೇ ಓದಿ ಖಾತ್ರಿಪಡಿಸಿಕೊಂಡಿದ್ದೆ. ನಿಧಾನವಾಗಿ ಹೋಗುವಾಗ ಬರಿಯ ಬ್ಯಾಟರಿಯ ಮೇಲೆ ಚಲಿಸುತ್ತದೆ. ನಿಂತಾಗ ಎಂಜಿನ್ ಇರುವುದೇ ತಿಳಿಯುವುದಿಲ್ಲ. ನನ್ನ ಹದಿನೇಳು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಒಯ್ದಿದ್ದೆ. ಶೋರೂಮಿನ ತರುಣ ಏಳಕ್ಕೆ ಉತ್ತರಿಸಿ, ಉಳಿದದ್ದು ಪುಸ್ತಕದಲ್ಲಿ ಉಂಟು ಅಂಕಲ್ ಎಂದ. ಓಡಿಸಿ ನೋಡುವಾಗ ಕಾಯಿಲೆಯ ನನ್ನ ಅಕ್ಕನೂ ಹಿಂದೆ ಕೂರಬೇಕೆಂದೆ.

“ಪೇಷಂಟಾ? ಬೇಡ ಅಂಕಲ್. ಸೀಟು ಗಲೀಜಾದ್ರೆ ನನಗೆ ಬೈತಾರೆ.”

“ನನ್ನ ಅಕ್ಕ ಗಲೀಜಲ್ಲ,” ಎಂದೆ. ಅವನು ಮೇಲಿನವರನ್ನು ಕೇಳಿ ಬಂದು ಒಪ್ಪಿದ. ಸೀಟಿನ ಪ್ಲಾಸ್ಟಿಕ್ಕನ್ನು ಮಾತ್ರ ತೆಗೆಯಲು ಬಿಡಲಿಲ್ಲ.

ಅಕ್ಕ ಆ ಪ್ಲಾಸ್ಟಿಕ್ಕಿನ ಮೇಲೆಯೇ ಕೂತಳು. ಕಾಳಿ ಸೇತುವೆಯ ಮೇಲೆ ಯಾವುದೋ ಲಾರಿ ಕೆಟ್ಟು ನಿಂತು, ಗಾಡಿಗಳು ಒಂದರ ಹಿಂದೊಂದು ತೆವಳುತ್ತಿದ್ದವು. ನಮ್ಮದೂ ತೆವಳಿತು. ಸದ್ದಿಲ್ಲ, ನಡುಕವಿಲ್ಲ.

“ತಮ್ಮಾ, ಗಾಡಿ ಬಂದ್ ಆಯ್ತಾ?”

“ಇಲ್ಲ ಅಕ್ಕಾ, ಹೋಗ್ತಾ ಉಂಟು.”

“ಸುಳ್ಳು ಹೇಳ್ಬೇಡ,” ಎಂದವಳು ಕಿಟಕಿಯಿಂದ ಹೊರಗೆ ನೋಡಿದಳು. ಸೇತುವೆಯ ಕಂಬಿಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ಸದಾಶಿವಗಡ ಮುಟ್ಟುವ ಹೊತ್ತಿಗೆ ಅವಳು ನಿದ್ದೆ ಹೋಗಿದ್ದಳು. ಐದು ತಿಂಗಳಲ್ಲಿ ಗಾಡಿಯಲ್ಲಿ ಅವಳು ಕಣ್ಣು ಮುಚ್ಚಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತಿದ್ದ ಶೋರೂಮಿನ ತರುಣ ಇಲ್ಲಿಂದ ತಿರುಗಿಸಿ ಎಂದ. ನಾನು ತಿರುಗಿಸದೆ ಚಿತ್ತಾಕುಲದವರೆಗೂ ಹೋದೆ.

ಶೋರೂಮಿಗೆ ಮರಳಿ, ಅಕ್ಕ ಒಳಗಿನ ಸೋಫಾದಲ್ಲಿ ಕೂತಿರುವಾಗ, ಕೌಂಟರಿನಲ್ಲಿ ಗಾಡಿ ಯಾವಾಗ ಸಿಗುತ್ತದೆಂದು ಕೇಳಿದೆ. ಬೇಡಿಕೆ ಬಹಳ, ಎಂಟು ತಿಂಗಳಾಗುತ್ತದೆ ಎಂದ ತರುಣ. ಕಾಯಿಲೆಯ ಕಾರಣ ಹೇಳಿದೆ, ಅರ್ಜಿ ಬರೆದುಕೊಡುತ್ತೇನೆಂದೆ, ಓಡಿಸಿ ತೋರಿಸುವ ಗಾಡಿಯನ್ನೇ ಕೊಡಿ ಎಂದೆ. ಎಲ್ಲರೂ ಒಂದೊಂದು ಕಾರಣ ಹೇಳ್ತಾರೆ ಅಂಕಲ್ ಎಂದ. ಈ ಮಾತನ್ನೂ ನಾನು ಮರೆತಿಲ್ಲ.

ಮನೆಗೆ ಬಂದು ಯೋಚಿಸಿದೆ. ಎಂಟು ತಿಂಗಳೆಂದರೆ ಆಶ್ವೀಜ. ಡಾಕ್ಟರು ಹೇಳಿದ ಗಡುವು ಆಷಾಢ-ಶ್ರಾವಣದಲ್ಲೇ ಮುಗಿಯುತ್ತದೆ. ಬುಕ್ ಮಾಡಿದರೆ, ಯಾರಿಗಾಗಿ ಕೊಳ್ಳುತ್ತೇನೋ ಅವಳು ಕೂರದ ಗಾಡಿಯನ್ನು ಕೊಂಡಂತೆ. ಮಾಡದಿದ್ದರೆ, ಯಾಕೆ ಬಿಟ್ಟೆ ಎಂದು ಅವಳು ಕೇಳುತ್ತಾಳೆ. ಆ ಪ್ರಶ್ನೆಗೆ ನಾನು ಯಾವ ಉತ್ತರ ಕೊಟ್ಟರೂ ಅದರೊಳಗೆ ಡಾಕ್ಟರ ವಾಕ್ಯವಿರುತ್ತದೆ, ಅದು ಅವಳ ಕಿವಿಗೆ ಬೀಳದೆ ಇರುವುದಿಲ್ಲ. ಹಳೆಯ ಗಾಡಿ ಕೊಟ್ಟು ಸೆಕೆಂಡ್‌ಹ್ಯಾಂಡ್ ಆದರೂ ಸಿಗುತ್ತದೆಯೇ ಎಂದು ಹುಬ್ಬಳ್ಳಿಯವರೆಗೆ ವಿಚಾರಿಸಿದೆ. ಸಿಗಲಿಲ್ಲ. ಹದಿನೈದು ದಿನ ಹೀಗೇ ಹೋಯಿತು.

ಅಕ್ಕನೇ ಫೋನ್ ಮಾಡಿದಳು. “ಎಂತಾ ಆಯ್ತು ಗಾಡಿಯದ್ದು? ನಿನಗೆ ತೀರ್ಮಾನ ಆಗೂದಿಲ್ಲ ಅಂದ್ರೆ ದೇವಿಯ ಹತ್ರ ಪ್ರಸಾದ ಕೇಳುವಾ. ನಾನೂ ಬರ್ತೇನೆ.”

ನಮ್ಮ ಕಡೆ ಇದು ಹಳೆಯ ವಾಡಿಕೆ. ಭಟ್ಟರು ನೀರಿನಲ್ಲಿ ಅದ್ದಿದ ಹೂವಿನ ಎಸಳುಗಳನ್ನು ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸಿ, ವಿಷಯವನ್ನು ಗಟ್ಟಿಯಾಗಿ ಅರಿಕೆ ಮಾಡುತ್ತಾರೆ. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಮದುವೆ, ಬಾವಿ, ದೋಣಿ ಎಲ್ಲವನ್ನೂ ಹೀಗೆ ಕೇಳಿದವರಿದ್ದಾರೆ. ನಾನು ಎಂದೂ ಕೇಳಿದವನಲ್ಲ. ಅವಳಿಗಾಗಿ ಹೋದೆ.

ಭಟ್ಟರು ಎಸಳು ಅಂಟಿಸಿ, “ಅಮ್ಮಾ, ಇವರ ವಾಹನದ ವಿಷಯದಲ್ಲಿ...” ಎಂದು ತೊಡಗಿದರು. ನಾನು ತಡೆದೆ. ಯಾವ ವಾಹನ, ಹಳೆಯದೋ ಹೊಸದೋ, ಕೊಳ್ಳುವುದೋ ಬಿಡುವುದೋ ಸ್ಪಷ್ಟವಾಗಬೇಕು ಎಂದೆ.

“ಸಾಹೇಬ್ರೆ, ಇದು ಸರ್ವೆ ಆಫೀಸಲ್ಲ. ದೇವಿಗೆ ಚೆಕ್ಕುಬಂದಿ ಬೇಡ,” ಎಂದರು ಭಟ್ಟರು. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಆದರೂ ಅವರು ನಾನು ಹೇಳಿದಂತೆ ತಿದ್ದಿದರು: ಈ ಹೊಸ ವಾಹನವನ್ನು ಇವರು ಕೊಳ್ಳಬಹುದಾದರೆ ಬಲದ ಪ್ರಸಾದ ಕೊಡು.

ಪ್ರಶ್ನೆ ಸ್ಪಷ್ಟವಾಗಿರಬೇಕೆಂದು ಹಟ ಹಿಡಿದ ನಾನೇ ಆ ಕ್ಷಣದಲ್ಲಿ ತಪ್ಪು ಮಾಡಿದೆ. ಭಟ್ಟರು ಅರಿಕೆ ಮಾಡುತ್ತಿದ್ದಂತೆ ನನ್ನ ಮನಸ್ಸು ತನ್ನದೇ ಇನ್ನೊಂದನ್ನು ಕೇಳಿತು. ಗಾಡಿ ಬರುವ ದಿನ ಅಕ್ಕ ಇರುವುದಿಲ್ಲ ಎಂದಾದರೆ ಬಲದ್ದನ್ನು ಕೊಡು. ಇರುತ್ತಾಳೆ ಎಂಬುದನ್ನು ಬಲಕ್ಕೆ ಇಟ್ಟು ಕೇಳುವ ಧೈರ್ಯ ನನಗಾಗಲಿಲ್ಲ.

ಭಟ್ಟರ ಮಾತು ಮುಗಿಯುವ ಮೊದಲೇ ಬಲದ ಎಸಳು ಬಿತ್ತು.

“ನೋಡು! ಇಷ್ಟು ಬೇಗ ಯಾರಿಗೂ ಕೊಟ್ಟದ್ದಿಲ್ಲ,” ಎಂದಳು ಅಕ್ಕ. ಅವಳ ಮುಖ ಅಷ್ಟು ಅರಳಿದ್ದನ್ನು ಈ ಕಾಯಿಲೆ ಬಂದ ಮೇಲೆ ನಾನು ಕಂಡಿರಲಿಲ್ಲ. ಇನ್ನೊಮ್ಮೆ ಕೇಳಬಹುದೇ ಎಂದು ಭಟ್ಟರನ್ನು ಕೇಳಿದೆ. ಕೊಟ್ಟದ್ದನ್ನು ಮತ್ತೆ ಕೇಳುವ ಪದ್ಧತಿಯಿಲ್ಲ, ಬೇರೆ ವಿಷಯವಿದ್ದರೆ ಹೇಳಿ ಎಂದರು. ಬೇರೆ ವಿಷಯವಿತ್ತು. ಅದನ್ನು ಗಟ್ಟಿಯಾಗಿ ಹೇಳಬೇಕಾಗಿತ್ತು, ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ದೇವಸ್ಥಾನದಿಂದ ನೇರ ಶೋರೂಮಿಗೆ ಹೋದೆವು. ಬಣ್ಣ ಯಾವುದೆಂದು ತರುಣ ಕೇಳಿದ. ನಾನು ಬಿಳಿ ಎಂದೆ.

“ಬಿಳಿ ಬೇಡ,” ಎಂದಳು ಅಕ್ಕ. “ಆಂಬುಲೆನ್ಸ್ ಕಂಡ ಹಾಗೆ ಕಾಣ್ತದೆ. ಕೆಂಪು ಬರೀರಿ.”

“ಅಕ್ಕಾ, ನನ್ನ ಎಪ್ಪತ್ತಮೂರಕ್ಕೆ ಕೆಂಪು ಗಾಡಿಯಾ? ಅಂಕೋಲೆ ಪೇಟೆಯಲ್ಲಿ ಎಂತ ಹೇಳ್ತಾರೆ?”

“ಹೇಳಲಿ. ಹೇಳಿದವರ ಹೆಸರು ಬರೆದಿಟ್ಕೊ. ಹೇಗೂ ಇಟ್ಕೊಳ್ತೀಯಲ್ಲ.” ಆಮೇಲೆ ತರುಣನ ಕಡೆ ತಿರುಗಿ, “ಯಾವಾಗ ಬರ್ತದೆ?” ಎಂದಳು.

“ಎಂಟು ತಿಂಗಳು, ಆಂಟಿ.”

ಅಕ್ಕ ಬೆರಳು ಮಡಚಿ ಎಣಿಸತೊಡಗಿದಳು. ಫಾಲ್ಗುಣ, ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ. ಒಂದು ಕೈಯ ಬೆರಳುಗಳು ಮುಗಿದವು. ಇನ್ನೊಂದು ಕೈಯನ್ನು ಅವಳು ಎತ್ತಲಿಲ್ಲ. ಮಡಚಿದ ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡು, “ಕೆಂಪೇ ಆಗಲಿ,” ಎಂದಳು. ನಾನು ಸಹಿ ಮಾಡಿದೆ.

ಆಮೇಲೆ ಗೋವೆಗೆ ನಾಲ್ಕು ಸಲ ಹೋದೆವು, ಅದೇ ಹಳೆಯ ಗಾಡಿಯಲ್ಲಿ. ಸೀಟಿಗೆ ಹತ್ತಿಯ ಹಾಸಿಗೆ ಮಡಚಿ ಹಾಕಿದೆ, ಎಂಜಿನ್ ಕೂರುವ ರಬ್ಬರುಗಳನ್ನು ಬಾಳೆಗುಳಿಯ ಗ್ಯಾರೇಜಿನಲ್ಲಿ ಹೊಸದಾಗಿ ಹಾಕಿಸಿದೆ. ನಡುಕ ಕಡಿಮೆಯಾಗಲಿಲ್ಲ. ಗಿರಣಿಯ ಮಾತನ್ನು ಅಕ್ಕ ಮತ್ತೆ ಎತ್ತಲಿಲ್ಲ. ಮಾತೇ ಕಡಿಮೆಯಾಗಿತ್ತು. ನಾಲ್ಕನೆಯ ಸಲ ಡಾಕ್ಟರು, ಇನ್ನು ಇಷ್ಟು ದೂರ ತರುವುದು ಬೇಡ ಎಂದರು. ಈ ಸಲ ಕೂರಲು ಕುರ್ಚಿ ಕೊಟ್ಟರು.

ಹಿಂದಿರುಗುವಾಗ ಮಾಜಾಳಿಯಲ್ಲಿ ಸಾಲು ಎಂದಿಗಿಂತ ಉದ್ದವಾಗಿತ್ತು. ಮೊದಲ ಮಳೆಯ ಮೋಡ ಕಟ್ಟಿತ್ತು, ಒಣಮೀನಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ಅಕ್ಕನ ಹಲ್ಲಿನ ನಡುವೆ ಸೆರಗಿರಲಿಲ್ಲ. ಕಚ್ಚುವ ಶಕ್ತಿಯೇ ಉಳಿದಿರಲಿಲ್ಲ. ನಾನು ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ. ಗಾಡಿ ಸುಮ್ಮನಾಯಿತು.

ಕಣ್ಣು ತೆರೆಯದೆಯೇ ಅವಳು ಕೇಳಿದಳು, “ತಮ್ಮಾ, ಹೊಸದು ಬಂತಾ?”

“ಬಂತು ಅಕ್ಕಾ.”

“ಕೆಂಪಾ?”

“ಕೆಂಪೇ.”

ಮುಂದಿನ ಸಾಲು ಸರಿಯಿತು. ನಾನು ಎಂಜಿನ್ ಹಚ್ಚಲಿಲ್ಲ. ಹಿಂದಿನಿಂದ ಹಾರ್ನುಗಳು ತೊಡಗಿದವು. ಹಿಂದಿನ ಕಾರಿನವನು ಕಿಟಕಿ ಇಳಿಸಿ, ಮುದುಕಾ, ಗಾಡಿ ಬಿಡಲಿಕ್ಕೆ ಬಾರದಿದ್ರೆ ಮನೆಯಲ್ಲಿ ಕೂತ್ಕೊ ಎಂದು ಕೂಗಿದ. ನಮ್ಮನ್ನು ಸುತ್ತಿ ಮುಂದೆ ಹೋಗುವಾಗ ಅವನ ನಂಬರನ್ನು ಪೂರ್ತಿ ಓದಿಕೊಂಡೆ. ಅಕ್ಕನ ನಿದ್ದೆ ಕೆಡಲಿಲ್ಲ.

ಈಗ ಆಷಾಢ. ಕದ್ವಾಡದಲ್ಲಿ ಅವಳು ಮಲಗಿದ ಕಡೆಯೇ ಇದ್ದಾಳೆ. ಯಾವ ಗಾಡಿಯೂ ಬೇಕಾಗಿಲ್ಲ. ನಿಮ್ಮ ವಾಹನ ಸರದಿಯಲ್ಲಿದೆ ಎಂದು ಶೋರೂಮಿನಿಂದ ತಿಂಗಳಿಗೊಮ್ಮೆ ಸಂದೇಶ ಬರುತ್ತದೆ. ರದ್ದು ಮಾಡಲು ಒಂದು ಸಹಿ ಸಾಕು ಎಂದಿದ್ದಾರೆ. ನಾನು ಮಾಡಿಲ್ಲ.